ಬ್ಯಾಟರಿ ಹೊಸದು, ಆದರೂ ರಾತ್ರಿ ದೋಣಿಯ ಪಂಪ್ ನೀರು ಎತ್ತುತ್ತಿಲ್ಲ

ಹಿನ್ನೀರು_ದೋಣಿ:
ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದ ಕಡೆಯವನು. ಮಾವ ಮತ್ತು ನಾನು ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇವೆ. ಹರಿಗೋಲಲ್ಲ, 24 ಅಡಿಯ ಫೈಬರ್ ದೋಣಿ, ಮೇಲೆ ತಗಡು ಹಾಕಿಸಿದ್ದೇವೆ. ಸೀಸನ್‌ನಲ್ಲಿ ವಾರಕ್ಕೆ ನಾಲ್ಕೈದು ರಾತ್ರಿ ಅಡುಗೆ, ನಿದ್ದೆ ಎಲ್ಲಾ ಅದರಲ್ಲೇ. 100 ವಾಟ್ ಸೋಲಾರ್, 100 ಎಎಚ್ ಬ್ಯಾಟರಿ, ಎರಡು ಎಲ್‌ಇಡಿ, ತಳದ ನೀರು ಎತ್ತುವ 12 ವೋಲ್ಟ್ ಪಂಪ್ ಇದೆ. ಎರಡು ವಾರದಿಂದ ಈ ಪಂಪ್ ಹಗಲು ಹೇಗೋ ಓಡುತ್ತದೆ, ರಾತ್ರಿಯಾದರೆ ಸುಮ್ನೆ ಗುಂಯ್ ಅನ್ನುತ್ತದೆ, ನೀರು ಬರಲ್ಲ. ಅಂಗಡಿಯವರು ಬ್ಯಾಟರಿ ಹೋಗಿದೆ ಅಂದರು, ಹೊಸದು ತಂದೆ. ಅದಕ್ಕೂ ಅದೇ ಕಥೆ. ಮೀಟರ್ ಇಟ್ಟರೆ ಬ್ಯಾಟರಿ ಹತ್ತಿರ 12.7, ಪಂಪ್ ಬಿಚ್ಚಿ ವೈರಿನ ತುದಿಯಲ್ಲಿ ನೋಡಿದರೂ 12.7. ಹಾಗಾದರೆ ಪಂಪೇ ಸುಟ್ಟಿದೆಯಾ? ಮೊನ್ನೆ ರಾತ್ರಿ ಗಾಳಿ ಎದ್ದು ಅಲೆಯ ನೀರು ಒಳಗೆ ಬಿತ್ತು, ಬಕೆಟಿನಲ್ಲಿ ಎತ್ತಿ ಎತ್ತಿ ಸೊಂಟ ಹೋಯಿತು, ಮಾವನ ಬೈಗುಳ ಬೇರೆ.

ಗಂಗಾವತಿ_ಮೆಕ್ಯಾನಿಕ್:
ದುಡ್ಡು ಖರ್ಚಿಲ್ಲದ್ದು ಮೊದಲು ನೋಡಿ. ಫ್ಯೂಸ್ ತೆಗೆದಿಟ್ಟು, ಪಂಪಿನ ಕೆಳಗಿನ ಜಾಲರಿ ಬಿಚ್ಚಿ. ಬಲೆಯ ನೈಲಾನ್ ದಾರ ಒಳಗಿನ ಚಕ್ರಕ್ಕೆ ಸುತ್ತಿಕೊಂಡಿದ್ದರೂ ಹೀಗೇ ಗುಂಯ್ ಅನ್ನುತ್ತದೆ. ಹೂಳು ಬೇರೆ. 133 ಟಿಎಂಸಿ ಇದ್ದ ಡ್ಯಾಮ್ ಹೂಳು ತುಂಬಿ 105 ಚಿಲ್ಲರೆಗೆ ಇಳಿದಿದೆ, ಅದರಲ್ಲಿ ಒಂದು ಬೊಗಸೆ ನಿಮ್ಮ ಪಂಪಿನಲ್ಲೂ ಇರಬಹುದು.

ಹಿನ್ನೀರು_ದೋಣಿ:
ಬಿಚ್ಚಿ ನೋಡಿದೆ ಅಣ್ಣ. ಸ್ವಲ್ಪ ಕೆಸರಿತ್ತು, ತೊಳೆದೆ. ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ರಾತ್ರಿ ಮತ್ತೆ ಅದೇ ರಾಗ.

ಮಾನ್ವಿ_ವೈರ್‌ಮನ್:
ಪಂಪ್ ಬಿಚ್ಚಿ ನೋಡಿದ 12.7 ಲೆಕ್ಕಕ್ಕೇ ಇಲ್ಲ ತಮ್ಮಾ. ಕರೆಂಟ್ ಹರಿಯದೆ ಇದ್ದಾಗ ಎಷ್ಟು ಕೆಟ್ಟ ವೈರಿನಲ್ಲೂ ವೋಲ್ಟ್ ಪೂರಾ ತೋರಿಸುತ್ತದೆ. ನಮ್ಮ ಎಡದಂಡೆ ನಾಲೆ ನೋಡಿಲ್ವಾ, ಡ್ಯಾಮ್ ತುಂಬಿದ್ದರೂ ಕೆಳಭಾಗದ ಹೊಲಕ್ಕೆ ನೀರು ಮುಟ್ಟಲ್ಲ, ನಡುವೆ ಎಲ್ಲಿ ಹೋಯಿತು ಅಂತಲೇ ಗೊತ್ತಾಗಲ್ಲ. ಪಂಪ್ ಜೋಡಿಸಿ, ಓಡಿಸುತ್ತಾ ನಾಲ್ಕು ಕಡೆ ಅಳೆಯಿರಿ. ಬ್ಯಾಟರಿಯ ಎರಡು ಕಂಬಗಳ ನಡುವೆ ಒಂದು. ಪಂಪಿನ ಎರಡು ವೈರಿನ ನಡುವೆ ಒಂದು. ಆಮೇಲೆ ಬ್ಯಾಟರಿ ಪ್ಲಸ್‌ನಿಂದ ಪಂಪಿನ ಪ್ಲಸ್‌ಗೆ, ಮೈನಸ್‌ನಿಂದ ಮೈನಸ್‌ಗೆ. ಮೀಟರಿನ ಕಡ್ಡಿ ಮುಟ್ಟದಿದ್ದರೆ ಉದ್ದನೆಯ ವೈರ್ ಕಟ್ಟಿಕೊಳ್ಳಿ. ವೈರ್ ಎಷ್ಟು ದಪ್ಪ, ಎಷ್ಟು ಉದ್ದ ಅಂತಲೂ ಹೇಳಿ.

ಹಿನ್ನೀರು_ದೋಣಿ:
ಬ್ಯಾಟರಿ 12.5. ಪಂಪ್ ಹತ್ತಿರ 9.4! ಪ್ಲಸ್ ಕಡೆ 0.6, ಮೈನಸ್ ಕಡೆ 2.5. ವೈರ್ 1 ಸ್ಕ್ವೇರ್ ಎಂಎಂ, ಹೋಗಲು 8 ಮೀಟರ್, ಬರಲು 8 ಮೀಟರ್. ಪಂಪ್ ಮೇಲೆ 4 ಆಂಪ್ ಅಂತ ಬರೆದಿದೆ.

ಮಾನ್ವಿ_ವೈರ್‌ಮನ್:
ಸಿಕ್ಕಿತು ನೋಡಿ. 1 ಎಂಎಂ ತಾಮ್ರದ ವೈರ್ 8 ಮೀಟರಿಗೆ ಸುಮಾರು 0.14 ಓಮ್ಸ್, 4 ಆಂಪ್ ಹರಿದರೆ 0.56 ವೋಲ್ಟ್ ತಿನ್ನುತ್ತದೆ. ಪ್ಲಸ್ ಕಡೆ ನಿಮಗೆ ಬಂದದ್ದೂ ಅಷ್ಟೇ. ಮೈನಸ್ ಕಡೆ ಹತ್ತಿರಹತ್ತಿರ 2 ವೋಲ್ಟ್ ಜಾಸ್ತಿ ಹೋಗುತ್ತಿದೆ ಅಂದರೆ ಅಲ್ಲಿ ಯಾವುದೋ ಜಾಯಿಂಟ್ ಕೆಟ್ಟಿದೆ. 2 ವೋಲ್ಟ್, 4 ಆಂಪ್, ಅಂದರೆ 8 ವಾಟ್ ಶಾಖ ಒಂದೇ ಜಾಗದಲ್ಲಿ. ಹತ್ತು ನಿಮಿಷ ಪಂಪ್ ಓಡಿಸಿ, ಮೈನಸ್ ವೈರನ್ನು ಕೈಯಲ್ಲಿ ಸವರುತ್ತಾ ಹೋಗಿ, ಬಿಸಿ ಇದ್ದಲ್ಲಿ ನಿಲ್ಲಿ. ಹಗಲು ಓಡುವುದು ಯಾಕೆ ಅಂದರೆ ಸೋಲಾರ್ ಇದ್ದಾಗ ಬ್ಯಾಟರಿ 14ರ ಆಸುಪಾಸು ಇರುತ್ತದೆ, ಅಷ್ಟು ಕಳೆದುಕೊಂಡರೂ ಪಂಪಿಗೆ ಏನೋ ಉಳಿಯುತ್ತದೆ. ಹಳೆ ಬ್ಯಾಟರಿ ಎಸೆದಿಲ್ಲ ತಾನೆ?

ರಾಯಚೂರು_ಸೋಲಾರ್:
ಒಂದು ಮಾತು ಸೇರಿಸುತ್ತೇನೆ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ತಗಡಿನ ಕೆಳಗೆ ಮಲಗುವ ಜಾಗದಲ್ಲೇ ಬ್ಯಾಟರಿ, ಅಲ್ಲೇ ಒಲೆ ಇದ್ದರೆ ದಯವಿಟ್ಟು ಬೇರೆ ಮಾಡಿ, ಗಾಳಿ ಆಡಲಿ. ನಮ್ಮ ಬಿಸಿಲಿಗೆ ಬ್ಯಾಟರಿಯೊಳಗಿನ ನೀರೂ ಬೇಗ ಇಳಿಯುತ್ತದೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಹೊಳೆ ನೀರು ಬೇಡ.

ಹಿನ್ನೀರು_ದೋಣಿ:
ಸಿಕ್ಕಿತು ಅಣ್ಣ! ಹಲಗೆಯ ಕೆಳಗೆ, ನಾವು ಮೀನಿನ ಬುಟ್ಟಿ ಇಡುವ ಜಾಗದಲ್ಲಿ. ಯಾರೋ ವೈರ್ ಸುಮ್ನೆ ತಿರುಚಿ ಟೇಪ್ ಸುತ್ತಿದ್ದರು (ಯಾರೋ ಅಲ್ಲ, ನಾನೇ, ಹೋದ ವರ್ಷ). ಟೇಪ್ ಬಿಚ್ಚಿದರೆ ಒಳಗೆ ಬರೀ ಹಸಿರು ಕಿಲುಬು, ಎಳೆಗಳು ಪುಡಿಪುಡಿ. ಎರಡೂ ಕಡೆ 4 ಎಂಎಂ ವೈರ್ ಎಳೆದೆ, ನಡುವೆ ಜಾಯಿಂಟೇ ಇಲ್ಲ, ತುದಿಗೆ ಲಗ್ (ಲೋಹದ ಕೊಂಡಿ) ಒತ್ತಿಸಿ ಮೇಲೆ ಅಂಟಿನ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗಿ ಕೂರುವ ಕೊಳವೆ) ಹಾಕಿದೆ. ಈಗ ಓಡುವಾಗ ಬ್ಯಾಟರಿ 12.5, ಪಂಪ್ 12.2. ನೀರು ದೋಣಿಯಿಂದ ಮಾರು ದೂರ ಹಾರುತ್ತಿದೆ. ಹಳೆ ಬ್ಯಾಟರಿ ಅಂಗಡಿಯವರಿಗೆ ಎಕ್ಸ್‌ಚೇಂಜ್ ಕೊಟ್ಟುಬಿಟ್ಟಿದ್ದೆ. ಅದನ್ನು ಮಾವನಿಗೆ ಇನ್ನೂ ಹೇಳಿಲ್ಲ.

ಗಂಗಾವತಿ_ಮೆಕ್ಯಾನಿಕ್:
ಹೇಳಬೇಡಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇದೆಯಾ, ಪಂಪ್ ಹತ್ತಿರ ಇದೆಯಾ? ಪಂಪ್ ಹತ್ತಿರ ಇದ್ದರೆ ಇವತ್ತೇ ಬ್ಯಾಟರಿ ಕಡೆಗೆ ತನ್ನಿ. ಬುಟ್ಟಿ ಒತ್ತಿ ವೈರ್ ಶಾರ್ಟ್ ಆದರೆ ನಡು ನೀರಿನಲ್ಲಿ ಬೆಂಕಿ.