ಲೆಡ್ ಝೆಪೆಲಿನ್ ರೀಮಾಸ್ಟರ್‌ಗಳು: ಎರಡನೇ ಡಿಸ್ಕ್‌ಗೆ ದುಡ್ಡು ಹಾಕಬೇಕಾ? ಕೇಳಿದವರ ಅನುಭವ

ಪ್ರಶ್ನೆ

ಬ್ರಿಟಿಷ್ ರಾಕ್ ಬ್ಯಾಂಡ್ ಲೆಡ್ ಝೆಪೆಲಿನ್ ಹಾಡುಗಳನ್ನು ಇಷ್ಟು ದಿನ ಫೋನ್‌ನಲ್ಲೇ ಕೇಳುತ್ತಿದ್ದೆ. ಈಗ ಮನೆಗೆ ಒಂದು ಸಿಡಿ ಪ್ಲೇಯರ್, ಒಂದು ಜೊತೆ ಸುಮಾರಾದ ಸ್ಪೀಕರ್ ಬಂದಿವೆ. 2014-15ರಲ್ಲಿ ಬ್ಯಾಂಡಿನ ಗಿಟಾರ್ ವಾದಕ ಜಿಮ್ಮಿ ಪೇಜ್ ತಾವೇ ನಿಂತು ಒಂಬತ್ತೂ ಸ್ಟುಡಿಯೋ ಆಲ್ಬಮ್‌ಗಳನ್ನು ರೀಮಾಸ್ಟರ್ (ಹಳೇ ಟೇಪಿನ ಧ್ವನಿಯನ್ನು ಹೊಸದಾಗಿ ತಿದ್ದುವುದು) ಮಾಡಿಸಿದರಲ್ಲ, ಅವನ್ನು ಕೊಳ್ಳುವ ಆಸೆ. ಒಂಟಿ ಸಿಡಿ ಇದೆ, ಇನ್ನೊಂದು ಡಿಸ್ಕ್ ಸೇರಿಸಿದ ಡೀಲಕ್ಸ್ ಇದೆ, ದೊಡ್ಡ ಪೆಟ್ಟಿಗೆಯೂ ಇದೆ. ಎಲ್ಲ ಕೊಳ್ಳುವಷ್ಟು ದುಡ್ಡಿಲ್ಲ. ಯಾವುದಕ್ಕೆ ಡೀಲಕ್ಸ್ ಬೇಕು, ಯಾವುದಕ್ಕೆ ಬೇಡ? ಹಳೇ ಸಿಡಿಗಳೇ ಚೆನ್ನ ಅನ್ನುತ್ತಾರೆ ಕೆಲವರು, ಅದು ನಿಜವಾ? ಕೊಂಡು ಕೇಳಿದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ

ನನ್ನ ಹತ್ತಿರ ಒಂಬತ್ತರದ್ದೂ ಡೀಲಕ್ಸ್ ಇದೆ. ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ, ನಿಮಗೆ ಒಂಬತ್ತೂ ಬೇಡ.

ಈ ಬ್ಯಾಂಡ್ ರೆಕಾರ್ಡ್ ಮಾಡಿ ಬಿಟ್ಟುಬಿಟ್ಟ ಹಾಡುಗಳೇ ಕಡಿಮೆ. ಮೂರು, ನಾಲ್ಕು, ಐದನೇ ಆಲ್ಬಮ್‌ಗಳ ಕಾಲದಲ್ಲಿ ಮಿಕ್ಕಿದ ಹಾಡುಗಳನ್ನು 1975ರ ಫಿಸಿಕಲ್ ಗ್ರಾಫಿಟಿಗೆ ಸೇರಿಸಿಬಿಟ್ಟರು. 1980ರಲ್ಲಿ ಡ್ರಮ್ಮರ್ ಜಾನ್ ಬೋನಮ್ ತೀರಿಕೊಂಡ ಮೇಲೆ ಇನ್ನೂ ಉಳಿದದ್ದು 1982ರ ಕೋಡಾದಲ್ಲಿ ಬಂತು. ಹಾಗಾಗಿ 2014ರ ಹೊತ್ತಿಗೆ ಪೇಜ್ ಕೈಯಲ್ಲಿ ಜಾಸ್ತಿ ಇದ್ದದ್ದು ರಫ್ ಮಿಕ್ಸ್‌ಗಳೇ, ಅಂದ್ರೆ ಕೆಲಸ ಮುಗಿಯುವ ಮೊದಲಿನ ಕಚ್ಚಾ ರೂಪಗಳು. ಅದೇ ಹಾಡು, ಒಂದು ಗಿಟಾರ್ ಕಮ್ಮಿ, ಅಥವಾ ದನಿ ಸ್ವಲ್ಪ ಮುಂದೆ, ಅಥವಾ ದನಿಯೇ ಇಲ್ಲ. ಒಂದೆರಡು ಸಲ ಕೇಳಿ ಕಪಾಟಿಗೆ ಸೇರಿಸುವ ಸರಕು.

ಹಾಡಿನ ಪಟ್ಟಿ ನೋಡಿ ಹೊಸ ಹಾಡು ಅಂದುಕೊಳ್ಳಬೇಡಿ. ಫಿಸಿಕಲ್ ಗ್ರಾಫಿಟಿಯ ಎಕ್ಸ್‌ಟ್ರಾ ಡಿಸ್ಕ್‌ನಲ್ಲಿರುವ 'ಬ್ರ್ಯಾಂಡಿ ಅಂಡ್ ಕೋಕ್' ನಿಮಗೆ ಗೊತ್ತಿರುವ 'ಟ್ರ್ಯಾಂಪಲ್ಡ್ ಅಂಡರ್ ಫುಟ್'. ಇನ್ ಥ್ರೂ ದಿ ಔಟ್ ಡೋರ್‌ನ 'ದ ಹುಕ್' ಅಂದ್ರೆ 'ಆಲ್ ಮೈ ಲವ್', 'ದಿ ಎಪಿಕ್' ಅಂದ್ರೆ 'ಕರೂಸಲಾಂಬ್ರಾ'. ಸ್ಟುಡಿಯೋದಲ್ಲಿ ಕೆಲಸದ ಹೊತ್ತಿಗೆ ಇಟ್ಟ ಹೆಸರುಗಳನ್ನೇ ಅಚ್ಚು ಹಾಕಿದ್ದಾರೆ. ಕಲೆಕ್ಟರ್‌ಗಳಿಗೆ ಖುಷಿ, ಹೊಸಬರಿಗೆ ಗೊಂದಲ.

ಹಾಗಾದ್ರೆ ಯಾವುದಕ್ಕೆ ದುಡ್ಡು? ಮೊದಲು ಮೂರನೇ ಆಲ್ಬಮ್. ಅದರಲ್ಲಿ 'ಜೆನಿಂಗ್ಸ್ ಫಾರ್ಮ್ ಬ್ಲೂಸ್' ಅಂತ ಒಂದು ಪೂರ್ತಿ ಎಲೆಕ್ಟ್ರಿಕ್ ವಾದ್ಯ ತುಣುಕಿದೆ. ಮುಂದೆ ಅದೇ ಅಕೂಸ್ಟಿಕ್ ಗಿಟಾರ್‌ನ, ಚಪ್ಪಾಳೆ ಹಾಕಿಸುವ 'ಬ್ರಾನ್-ಯ್-ಔರ್ ಸ್ಟಾಂಪ್' ಆಯಿತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ಒಂದು ರಾಗ ಎಷ್ಟು ದೂರ ಬಂದಿದೆ ಅಂತ ಗೊತ್ತಾಗುತ್ತದೆ. ಕೊನೆಯಲ್ಲಿ ಪೇಜ್ ಮತ್ತು ಗಾಯಕ ರಾಬರ್ಟ್ ಪ್ಲಾಂಟ್ ಇಬ್ಬರೇ ಕೂತು ಹಾಡಿದ ಹಳೇ ಬ್ಲೂಸ್ ಜೋಡಿಯೂ ಇದೆ. ಅದು ಹಿಂದೆ ಯಾವ ಆಲ್ಬಮ್‌ನಲ್ಲೂ ಬಂದಿರಲಿಲ್ಲ.

ಎರಡನೆಯದು ಕೋಡಾ. ನನ್ನ ಕೇಳಿದರೆ ಇಡೀ ಸರಣಿಯಲ್ಲಿ ಡೀಲಕ್ಸ್ ಅನ್ನುವ ಮಾತಿಗೆ ನ್ಯಾಯ ಸಿಕ್ಕಿದ್ದು ಇದೊಂದರಲ್ಲೇ. ಮೂಲ ಆಲ್ಬಮ್ ಬ್ಯಾಂಡಿನ ಅತಿ ಸಪ್ಪೆ ಆಲ್ಬಮ್ ಅಂತ ಎಲ್ಲರೂ ಬೈಯುತ್ತಾರೆ. ಆದರೆ ಡೀಲಕ್ಸ್‌ನಲ್ಲಿ ಎಕ್ಸ್‌ಟ್ರಾ ಡಿಸ್ಕ್ ಎರಡು. 1970ರಲ್ಲಿ 'ಇಮಿಗ್ರಂಟ್ ಸಾಂಗ್' ಸಿಂಗಲ್‌ನ ಹಿಂಬದಿಗೆ ಮಾತ್ರ ಹಾಕಿದ್ದ 'ಹೇ ಹೇ ವಾಟ್ ಕ್ಯಾನ್ ಐ ಡೂ' ಇಲ್ಲಿದೆ. ಮೊದಲ ಆಲ್ಬಮ್ ಕಾಲದ 'ಶುಗರ್ ಮಾಮಾ' ಇದೆ. 'ವೆನ್ ದ ಲೆವೀ ಬ್ರೇಕ್ಸ್' ಆಗುವ ಮೊದಲಿನ ರೂಪ 'ಇಫ್ ಇಟ್ ಕೀಪ್ಸ್ ಆನ್ ರೈನಿಂಗ್' ಇದೆ.

ಜೊತೆಗೆ ಬಾಂಬೆ ರೆಕಾರ್ಡಿಂಗ್! 1972ರ ಅಕ್ಟೋಬರ್‌ನಲ್ಲಿ ಜಪಾನ್ ಪ್ರವಾಸ ಮುಗಿಸಿಕೊಂಡು ಪೇಜ್, ಪ್ಲಾಂಟ್ ಬಾಂಬೆಗೆ ಬಂದಿದ್ದರು. ಅಲ್ಲಿನ ವಾದ್ಯಗಾರರನ್ನು ಸೇರಿಸಿಕೊಂಡು 'ಫ್ರೆಂಡ್ಸ್', 'ಫೋರ್ ಸ್ಟಿಕ್ಸ್' ಎರಡನ್ನು ಮತ್ತೆ ನುಡಿಸಿದರು. ಬೋನಮ್ ಎರಡೂ ಕೈಯಲ್ಲಿ ಎರಡೆರಡು ಕೋಲು ಹಿಡಿದು ಬಾರಿಸಿದ್ದಕ್ಕೆ ಮೂಲ ಹಾಡಿಗೆ 'ಫೋರ್ ಸ್ಟಿಕ್ಸ್' ಅಂತ ಹೆಸರು. ಬಾಂಬೆಯಲ್ಲಿ ಬೋನಮ್ ಇರಲಿಲ್ಲ, ಆ ಜಾಗದಲ್ಲಿ ತಬಲಾ ಇದೆ, ಹಾಡು 'ಫೋರ್ ಹ್ಯಾಂಡ್ಸ್' ಆಗಿದೆ. ನಾಲ್ಕು ದಶಕ ಬರೀ ಬೂಟ್‌ಲೆಗ್ (ಅನಧಿಕೃತ) ಟೇಪ್‌ಗಳಲ್ಲಿ ಸುತ್ತುತ್ತಿದ್ದದ್ದು 2015ರಲ್ಲಿ ಬಾಂಬೆ ಆರ್ಕೆಸ್ಟ್ರಾ ಅನ್ನುವ ಹೆಸರಿನಲ್ಲಿ ಅಧಿಕೃತವಾಗಿ ಹೊರಬಂತು. ನುಡಿಸಿದವರಿಗೆ ಈ ಸಂಗೀತ ಹೊಸದು ಅಂತ ಕೇಳಿದರೆ ಗೊತ್ತಾಗುತ್ತದೆ, ಅಲ್ಲಲ್ಲಿ ತಡವರಿಕೆಯೂ ಇದೆ. ನನಗೆ ಅದೇ ಇಷ್ಟ. ನಮ್ಮ ತಾಳ, ವಾದ್ಯ ಕೇಳಿ ಬೆಳೆದ ಕಿವಿಗೆ ಅದು ಬೇರೆಯೇ ಥರ ಕೇಳುತ್ತದೆ.

ಮಿಕ್ಕಿದ್ದು ಬೇಗ ಹೇಳುತ್ತೇನೆ. ಎರಡನೇ ಆಲ್ಬಮ್, ಹೌಸಸ್ ಆಫ್ ದ ಹೋಲಿ, ಇನ್ ಥ್ರೂ ದಿ ಔಟ್ ಡೋರ್: ಒಂಟಿ ಸಿಡಿ ಸಾಕು. ನಾಲ್ಕನೆಯದೂ ಅಷ್ಟೇ. ಅದರಲ್ಲಿ 'ಸ್ಟೇರ್‌ವೇ ಟು ಹೆವನ್'ನ ಸನ್‌ಸೆಟ್ ಸೌಂಡ್ ಮಿಕ್ಸ್ ಇದೆ. ಲಾಸ್ ಏಂಜಲೀಸ್‌ನ ಆ ಸ್ಟುಡಿಯೋದಲ್ಲಿ ಮಾಡಿದ ಮಿಕ್ಸ್‌ಗಳು ಬ್ಯಾಂಡಿಗೆ ಹಿಡಿಸದೆ ಲಂಡನ್‌ನಲ್ಲಿ ಮತ್ತೆ ಮಾಡಿದ್ದರು. ಕಥೆ ಚೆನ್ನಾಗಿದೆ, ಅದಕ್ಕೆ ಅಂತ ಇನ್ನೊಂದು ಡಿಸ್ಕ್ ಬೇಕಿಲ್ಲ. ಫಿಸಿಕಲ್ ಗ್ರಾಫಿಟಿಯಲ್ಲಿ 'ಎವೆರಿಬಡಿ ಮೇಕ್ಸ್ ಇಟ್ ಥ್ರೂ' ಒಂದು ಚಿನ್ನ. 'ಇನ್ ದ ಲೈಟ್' ಹಾಡಿನ ಮೊದಲ ರೂಪ ಅದು, ಸಾಹಿತ್ಯವೇ ಬೇರೆ. ಪ್ರೆಸೆನ್ಸ್ ಕೀಬೋರ್ಡೇ ಇಲ್ಲದ ಆಲ್ಬಮ್. ಅದರ ಎಕ್ಸ್‌ಟ್ರಾ ಡಿಸ್ಕ್‌ನಲ್ಲಿ ಮಾತ್ರ ಬೇಸ್ ಗಿಟಾರ್, ಕೀಬೋರ್ಡ್ ನುಡಿಸುವ ಜಾನ್ ಪಾಲ್ ಜೋನ್ಸ್ ಪಿಯಾನೋ ಮುಂದಿಟ್ಟುಕೊಂಡ '10 ರಿಬ್ಸ್ ಅಂಡ್ ಆಲ್' ಅನ್ನುವ ತುಣುಕಿದೆ. ತುಂಬಾ ಮೃದುವಾಗಿದೆ. ಒಂದೇ ತುಣುಕಿಗೆ ಡೀಲಕ್ಸ್ ಕೊಳ್ಳೋದು ನಿಮ್ಮ ಜೇಬಿಗೆ ಬಿಟ್ಟಿದ್ದು.

ಮೊದಲ ಆಲ್ಬಮ್ ಡೀಲಕ್ಸ್ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅದರಲ್ಲಿ ಸ್ಟುಡಿಯೋ ಸರಕು ಏನೂ ಇಲ್ಲ, ಒಂದು ಲೈವ್ ಕಚೇರಿ ಮಾತ್ರ.

ಮೈಸೂರಿನಿಂದ

ನಾನು ಸೌಂಡ್ ಕೆಲಸದಲ್ಲಿರುವವನು. ಹಳೇ ಸಿಡಿ ಚೆನ್ನವೋ ಹೊಸದೋ ಅನ್ನುವುದಕ್ಕೆ ಮಾತ್ರ ಉತ್ತರ ಕೊಡುತ್ತೇನೆ.

ಇದು ರೀಮಿಕ್ಸ್ ಅಲ್ಲ ಅನ್ನೋದು ಮೊದಲು ತಲೆಯಲ್ಲಿರಲಿ. 2017ರಲ್ಲಿ ಬೀಟಲ್ಸ್‌ನ ಸಾರ್ಜೆಂಟ್ ಪೆಪರ್‌ಗೆ ಜೈಲ್ಸ್ ಮಾರ್ಟಿನ್, 2011ರಲ್ಲಿ ಜೆಥ್ರೋ ಟಲ್‌ನ ಆಕ್ವಾಲಂಗ್‌ಗೆ ಸ್ಟೀವನ್ ವಿಲ್ಸನ್ ಹೊಸ ಮಿಕ್ಸ್ ಮಾಡಿದರು. ಅಂದರೆ ಪ್ರತಿ ವಾದ್ಯ ಬೇರೆಬೇರೆಯಾಗಿರುವ ಮೂಲ ಟೇಪ್‌ಗೆ ಹೋಗಿ, ಯಾವುದು ಎಷ್ಟು, ಎಡಕ್ಕೋ ಬಲಕ್ಕೋ ಅಂತ ಹೊಸದಾಗಿ ತೀರ್ಮಾನಿಸಿದರು. ಝೆಪೆಲಿನ್ ಆಲ್ಬಮ್‌ಗಳಲ್ಲಿ ಪೇಜ್ ಅದಕ್ಕೆ ಕೈ ಹಾಕಿಲ್ಲ. ಆಗ ಮಿಕ್ಸ್ ಆಗಿ ಮುಗಿದ ಸ್ಟೀರಿಯೋ ಟೇಪನ್ನೇ ತೆಗೆದುಕೊಂಡು, ಲಂಡನ್ನಿನಲ್ಲಿ ಮಾಸ್ಟರಿಂಗ್ ಇಂಜಿನಿಯರ್ ಜಾನ್ ಡೇವಿಸ್ ಜೊತೆ ಕೂತು ಬೇಸ್, ಟ್ರೆಬಲ್, ವಾಲ್ಯೂಮ್ ಮಟ್ಟ ಸರಿಮಾಡಿದರು. ಹಾಗಾಗಿ ಆಕಾಶ-ಭೂಮಿ ವ್ಯತ್ಯಾಸ ನಿರೀಕ್ಷಿಸಬೇಡಿ.

ಇದಕ್ಕೆ ಮುಂಚೆ 1990ರಲ್ಲಿ ಪೇಜ್ ಮತ್ತು ಇಂಜಿನಿಯರ್ ಜಾರ್ಜ್ ಮರೀನೋ ಮಾಡಿದ ರೀಮಾಸ್ಟರ್ ಇತ್ತು. ನಾಲ್ಕು ಸಿಡಿಯ ಪೆಟ್ಟಿಗೆಯಲ್ಲಿ ಬಂದದ್ದು ಅದೇ. 90ರ ದಶಕದಲ್ಲಿ ಬಂದ ಒಂಟಿ ಸಿಡಿಗಳಲ್ಲಿ ಇರುವುದೂ ಅದೇ. ನನ್ನ ಕಿವಿಗೆ ಅದರಲ್ಲಿ ಮೇಲಿನ ಸ್ವರಗಳು ಸ್ವಲ್ಪ ಚುಚ್ಚುತ್ತವೆ, ತಳದಲ್ಲಿ ತೂಕ ಕಮ್ಮಿ. 2014ರದ್ದರಲ್ಲಿ ಬೇಸ್ ಗಟ್ಟಿಯಾಗಿದೆ, ಜೋನ್ಸ್ ಏನು ನುಡಿಸುತ್ತಿದ್ದಾರೆ ಅಂತ ಬಿಡಿಬಿಡಿಯಾಗಿ ಕೇಳುತ್ತದೆ. ತಮಾಷೆ ಅಂದ್ರೆ 2007ರ ಮದರ್‌ಶಿಪ್ ಸಂಗ್ರಹವನ್ನೂ ಮಾಸ್ಟರ್ ಮಾಡಿದ್ದು ಇದೇ ಡೇವಿಸ್. ಆದರೆ ಅದು ಜೋರು, ಒತ್ತಿ ಹಿಡಿದ ಹಾಗೆ. ಆ ಕಾಲದಲ್ಲಿ ಎಲ್ಲರಿಗೂ ಜೋರೇ ಬೇಕಿತ್ತು. ಏಳು ವರ್ಷದ ಮೇಲೆ ಅದೇ ಕೈ ಎಷ್ಟೋ ಹಗುರವಾಗಿದೆ.

ಇನ್ನು 80ರ ದಶಕದ ಮೊಟ್ಟಮೊದಲ ಸಿಡಿಗಳು. ಅವುಗಳಲ್ಲಿ ಕೆಲವನ್ನು ಬ್ಯಾರಿ ಡೈಮೆಂಟ್ ಮಾಸ್ಟರ್ ಮಾಡಿದ್ದಾರೆ. ಅವಕ್ಕೆ ಇವತ್ತಿಗೂ ಅಭಿಮಾನಿಗಳಿದ್ದಾರೆ, ಅದು ಸುಮ್ನೆ ಅಲ್ಲ. ದನಿಯ ಏರಿಳಿತ ಹಾಗೇ ಉಳಿದಿದೆ. ಆದರೆ ವಾಲ್ಯೂಮ್ ಮಟ್ಟ ಕೆಳಗಿದೆ, ಒಂದರಿಂದ ಒಂದಕ್ಕೆ ಗುಣವೂ ಒಂದೇ ಇಲ್ಲ. ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ, ಜಾಸ್ತಿ ರೇಟ್ ಕೊಟ್ಟು ಹುಡುಕಬೇಡಿ.

ಹಳೆಯದು, ಹೊಸದು ಹೋಲಿಸುವಾಗ ವಾಲ್ಯೂಮ್ ಸರಿಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತದೆ, ನಮ್ಮಂಥವರ ಕಿವಿಯೂ ಹೊರತಲ್ಲ. ಪರೀಕ್ಷೆಗೆ 'ವೆನ್ ದ ಲೆವೀ ಬ್ರೇಕ್ಸ್' ಹಾಕಿ. ಹೆಡ್ಲಿ ಗ್ರೇಂಜ್ ಅನ್ನುವ ಹಳೇ ಮನೆಯ ಮೆಟ್ಟಿಲ ಬುಡದಲ್ಲಿ ಡ್ರಮ್ಸ್ ಇಟ್ಟು, ಮೇಲಿನಿಂದ ಎರಡು ಮೈಕ್ ಇಳಿಬಿಟ್ಟು ಸೌಂಡ್ ಇಂಜಿನಿಯರ್ ಆಂಡಿ ಜಾನ್ಸ್ ರೆಕಾರ್ಡ್ ಮಾಡಿದ್ದು. ಆ ಜಾಗದ ಗುಂಯ್‌ಗುಡುವಿಕೆ ನಿಮ್ಮ ಕೋಣೆಯಲ್ಲಿ ಕೇಳಿಸಿದರೆ ಸ್ಪೀಕರ್ ಪರವಾಗಿಲ್ಲ. 'ಸಿನ್ಸ್ ಐವ್ ಬೀನ್ ಲವಿಂಗ್ ಯೂ' ಹಾಡಿನಲ್ಲಿ ಕೀಚ್ ಕೀಚ್ ಅಂತ ಒಂದು ಸದ್ದು ಬರುತ್ತದೆ. ಸಿಡಿ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ, ಅದು ಬೋನಮ್ ಡ್ರಮ್‌ನ ಪೆಡಲ್! ಮಾಸ್ಟರ್ ಟೇಪ್‌ನಲ್ಲೇ ಇದೆ, ರೀಮಾಸ್ಟರ್‌ನಲ್ಲಿ ಇನ್ನೂ ಚೆನ್ನಾಗಿ ಕೇಳಿಸುತ್ತದೆ. 'ಹೋಲ್ ಲಾಟಾ ಲವ್' ಕೊನೆಯ ಹತ್ತಿರ ಪ್ಲಾಂಟ್ ಹಾಡುವುದಕ್ಕೆ ಮೊದಲೇ ಅವರದೇ ದನಿ ಸಣ್ಣಗೆ ದೂರದಲ್ಲಿ ಕೇಳಿಸುತ್ತಲ್ಲ, ಅದೂ ಟೇಪ್‌ನದ್ದೇ.

ಧಾರವಾಡದಿಂದ

ಬೆಂಗಳೂರಿನವರು ಉಳಿದದ್ದೆಲ್ಲ ಸರಿಯಾಗಿ ಹೇಳ್ಯಾರ. ಮೊದಲ ಆಲ್ಬಮ್ ಬಗ್ಗೆ ಮಾತ್ರ ನಾನು ಒಪ್ಪುವುದಿಲ್ಲ ನೋಡ್ರಿ. ಆ ಆಲ್ಬಮ್ ರೆಕಾರ್ಡ್ ಆದದ್ದು 1968ರಲ್ಲಿ, ಒಟ್ಟು ಸುಮಾರು 36 ತಾಸಿನ ಕೆಲಸ. ಸ್ಟುಡಿಯೋದಲ್ಲಿ ಮಿಕ್ಕಿದ್ದು ಎಲ್ಲಿಂದ ಬರಬೇಕು? ಅದರ ಬದಲಿಗೆ ಕೊಟ್ಟದ್ದು ಪ್ಯಾರಿಸ್ಸಿನ ಒಲಿಂಪಿಯಾ ಸಭಾಂಗಣದ ಕಚೇರಿ, 1969ರ ಅಕ್ಟೋಬರ್ 10ರದ್ದು. ಎರಡನೇ ಆಲ್ಬಮ್ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಆಗಲೇ ಅಲ್ಲಿ 'ಹಾರ್ಟ್‌ಬ್ರೇಕರ್' ಬಾರಿಸುತ್ತಾರೆ. 'ಡೇಝ್ಡ್ ಅಂಡ್ ಕನ್ಫ್ಯೂಸ್ಡ್' ಆಲ್ಬಮ್‌ನಲ್ಲಿ ಆರೂವರೆ ನಿಮಿಷ, ಇಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ರೇಡಿಯೋಗೆ ಅಂತ ರೆಕಾರ್ಡ್ ಮಾಡಿದ್ದು, ದನಿ ಒರಟು. ಇರಲಿ ಬಿಡ್ರಿ. ಬೇರೆ ಆಲ್ಬಮ್‌ಗಳ ರಫ್ ಮಿಕ್ಸ್ ನಾನು ಮತ್ತೆ ಮುಟ್ಟಿಲ್ಲ, ಇದನ್ನು ಈಗಲೂ ಹಾಕುತ್ತೇನೆ.

ಬೆಂಗಳೂರಿನವರೇ ಮತ್ತೆ

ಧಾರವಾಡದ ಸರ್ ಹೇಳಿದ್ದು ಸರಿ, ಕಚೇರಿ ಜೋರಾಗಿದೆ. ಲೈವ್ ಬೇಕು ಅಂದ್ರೆ ಅದಕ್ಕಿಂತ ಮೊದಲು 2016ರ ಕಂಪ್ಲೀಟ್ ಬಿಬಿಸಿ ಸೆಷನ್ಸ್ ಅನ್ನುತ್ತೇನೆ, ಅಷ್ಟೇ. 1997ರ ಎರಡು ಡಿಸ್ಕ್‌ಗೆ ಮೂರನೆಯದು ಸೇರಿದೆ. ಅದರಲ್ಲಿ 'ಸನ್‌ಶೈನ್ ವುಮನ್' ಅಂತ ಒಂದು ಹಾಡು. ಬಿಬಿಸಿಯ ಮೂಲ ಟೇಪ್ ಕಳೆದುಹೋಗಿತ್ತು, ಯಾರೋ ಮನೆಯಲ್ಲಿ ರೇಡಿಯೋದಿಂದ ಹಿಡಿದಿಟ್ಟಿದ್ದನ್ನೇ ಹಾಕಿದ್ದಾರೆ. ದನಿ ಕೇಳಿದರೆ ಅದು ಗೊತ್ತಾಗುತ್ತದೆ.

ಇಂಗ್ಲೆಂಡಿನ ರೆಡಿಂಗ್‌ನಿಂದ

ನಾನು ಎಲ್‌ಪಿ (ಗ್ರಾಮಫೋನ್ ತಟ್ಟೆ) ಪಾರ್ಟಿ. ಮುಂದೆ ಎಂದಾದರೂ ಟರ್ನ್‌ಟೇಬಲ್ ತೆಗೆದುಕೊಳ್ಳುವ ಆಸೆ ಇದ್ದರೆ ಮೂರನೇ ಆಲ್ಬಮ್ ಮತ್ತು ಫಿಸಿಕಲ್ ಗ್ರಾಫಿಟಿ ಸಿಡಿಯಲ್ಲಿ ಕೊಳ್ಳಬೇಡಿ, ಕಾಯಿರಿ. ಮೂರನೆಯದರ ಕವರ್ ಒಳಗೆ ತಿರುಗುವ ಚಕ್ರ ಇದೆ. ತಿರುಗಿಸಿದರೆ ತೂತುಗಳಲ್ಲಿ ಚಿತ್ರ ಬದಲಾಗುತ್ತದೆ. ಗ್ರಾಫಿಟಿ ಕವರ್‌ನಲ್ಲಿ ನ್ಯೂಯಾರ್ಕ್ ಕಟ್ಟಡದ ಕಿಟಕಿಗಳನ್ನು ಕತ್ತರಿಸಿದ್ದಾರೆ. ಹೊಸ ಎಲ್‌ಪಿಗಳಲ್ಲಿ ಅವನ್ನು ಹಾಗೇ ಉಳಿಸಿದ್ದಾರೆ.

ಹಳೇ ಎಲ್‌ಪಿ ಹುಡುಕುವವರಿಗೆ ಒಂದು ಮಾತು. ಎರಡನೇ ಆಲ್ಬಮ್‌ನ 1969ರ ಅಮೆರಿಕನ್ ಮೊದಲ ಪ್ರತಿಗಳಲ್ಲಿ ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಆರ್‌ಎಲ್ ಅಂತ ಗೀಚಿರುತ್ತದೆ. ಮಾಸ್ಟರಿಂಗ್ ಇಂಜಿನಿಯರ್ ರಾಬರ್ಟ್ ಲಡ್ವಿಗ್ ಕೈಕೆಲಸ. ಎಷ್ಟು ಜೋರಾಗಿ ಕೆತ್ತಿದ್ದರು ಅಂದ್ರೆ ಅಗ್ಗದ ಪ್ಲೇಯರ್‌ಗಳಲ್ಲಿ ಮುಳ್ಳು ಹಾರುತ್ತಿತ್ತು. ಕಂಪನಿ ಅದನ್ನು ನಿಲ್ಲಿಸಿ ಮೆತ್ತಗೆ ಮಾಡಿದ ಪ್ರತಿ ಬಿಟ್ಟಿತು. ಈಗ ಆ ಆರ್‌ಎಲ್ ಪ್ರತಿಗೆ ಇಲ್ಲಿ ಕೇಳುವ ಬೆಲೆ ಹೇಳಿದರೆ ಮನೆಯವರು ನನ್ನನ್ನು ಹೊರಗೆ ಹಾಕುತ್ತಾರೆ.

ಶಿವಮೊಗ್ಗದಿಂದ

ಡೀಲಕ್ಸ್ ಡಿಸ್ಕ್‌ಗಳೆಲ್ಲ ಸ್ಟ್ರೀಮಿಂಗ್‌ನಲ್ಲೇ ಇವೆ. ಮೊದಲು ಅಲ್ಲಿ ಕೇಳಿ. ಎರಡನೇ ಡಿಸ್ಕನ್ನು ನೀವಾಗೇ ಮತ್ತೆ ಹಾಕಿಕೊಂಡರೆ ಕೊಳ್ಳಿ. ಇಲ್ಲದಿದ್ದರೆ ಒಂಟಿ ಸಿಡಿ. ಉಳಿದ ದುಡ್ಡಲ್ಲಿ ಒಳ್ಳೇ ಸ್ಪೀಕರ್ ವೈರ್, ಸ್ಟ್ಯಾಂಡ್ ತಗೊಳ್ಳಿ.

ಮಂಗಳೂರಿನಿಂದ

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಫೋಟೋ ಕೇಳಿ ತರಿಸಿಕೊಳ್ಳಿ. ಒಬ್ಬ ಮಾರಾಟಗಾರ ನನಗೆ ಡೀಲಕ್ಸ್ ಅಂತ ಹೇಳಿ ಒಂಟಿ ಸಿಡಿ ಕಳಿಸಿದ್ದ. ಗುರುತು ಸುಲಭ: ಎಕ್ಸ್‌ಟ್ರಾ ಡಿಸ್ಕ್‌ನ ಚಿತ್ರ ಮೂಲ ಕವರ್‌ನ ನೆಗೆಟಿವ್ ಥರ ಇರುತ್ತದೆ, ಬಣ್ಣ ತಿರುಗುಮುರುಗು. ಆ ಚಿತ್ರ ಕಾಣದಿದ್ದರೆ ಎರಡನೇ ಡಿಸ್ಕ್ ಇಲ್ಲ ಅಂತಲೇ ಲೆಕ್ಕ. ಕೋಡಾ ಆದರೆ ಒಟ್ಟು ಮೂರು ಡಿಸ್ಕ್ ಇರಬೇಕು, ಎಣಿಸಿ. ಕವರ್ ಗಟ್ಟಿ ಕಾಗದದ್ದು, ಡಿಸ್ಕ್ ಎಳೆಯುವಾಗ ಗೀರು ಬೀಳುತ್ತದೆ, ಅದನ್ನೂ ಬೆಳಕಿಗೆ ಹಿಡಿದು ಫೋಟೋ ತೆಗೆಯಲು ಹೇಳಿ.

ದೊಡ್ಡ ಪೆಟ್ಟಿಗೆ ಬಗ್ಗೆ ಯಾರೂ ಹೇಳಲಿಲ್ಲ. ಅದೇ ಹಾಡುಗಳು ಸಿಡಿಯಲ್ಲೂ ಎಲ್‌ಪಿಯಲ್ಲೂ ಬರುತ್ತವೆ. ಜೊತೆಗೆ ಹೈ ರೆಸಲ್ಯೂಷನ್ ಡೌನ್‌ಲೋಡ್‌ಗೆ ಒಂದು ಕಾರ್ಡ್, ದಪ್ಪ ರಟ್ಟಿನ ಪುಸ್ತಕ, ಕವರ್‌ನ ಒಂದು ಪ್ರಿಂಟ್. ಹಾಡು ಒಂದೂ ಜಾಸ್ತಿ ಇಲ್ಲ. ಹಳೇ ಪೆಟ್ಟಿಗೆಯಾದರೆ ಡೌನ್‌ಲೋಡ್ ಕಾರ್ಡ್ ಬಳಸಿಯಾಗಿರಬಹುದು, ಕೇಳಿಕೊಳ್ಳಿ. ಹೊರದೇಶದಿಂದ ತರಿಸಿದರೆ ಆ ತೂಕಕ್ಕೆ ಕೊರಿಯರ್, ಮೇಲೆ ಕಸ್ಟಮ್ಸ್. ನಿಮ್ಮ ಸೆಟಪ್‌ಗೆ ಬೇಡವೇ ಬೇಡ. ಮೂರನೇ ಆಲ್ಬಮ್ ಡೀಲಕ್ಸ್, ಕೋಡಾ ಡೀಲಕ್ಸ್, ನಾಲ್ಕನೆಯದು ಒಂಟಿ ಸಿಡಿ, ಈ ಮೂರರಿಂದ ಶುರು ಮಾಡಿ.