ಅಬಾರ್ಥ್ ಪುಂಟೊ ಪೇಟೆಯಲ್ಲಿ ಲೀಟರಿಗೆ 8.7 ಕಿ.ಮೀ. ಮಾತ್ರ. ಎಂಜಿನ್‌ನಲ್ಲಿ ತೊಂದರೆ ಉಂಟಾ?

ಬಿಜೈ_ಚೇಳು, ಮಂಗಳೂರು

ಎಲ್ಲರಿಗೂ ನಮಸ್ಕಾರ. ಕಳೆದ ಅಕ್ಟೋಬರ್‌ನಲ್ಲಿ 2016ರ ಅಬಾರ್ಥ್ ಪುಂಟೊ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಬಿಳಿ ಕಾರು, ಪಕ್ಕದಲ್ಲಿ ಕೆಂಪು ಪಟ್ಟಿ, ಮೂತಿಯ ಮೇಲೆ ಚೇಳು. 1.4 ಟಿ-ಜೆಟ್ ಎಂಜಿನ್, 145 ಹಾರ್ಸ್‌ಪವರ್. 2015ರಲ್ಲಿ ಇದು ಬಿಡುಗಡೆ ಆದಾಗ ನಾನು ಕಾಲೇಜಿನಲ್ಲಿದ್ದೆ. ಅಂದಿನಿಂದಲೂ ಇದರ ಮೇಲೆ ಕಣ್ಣು. ವರ್ಷಗಟ್ಟಲೆ ಕಾದು ತಂದ ಕಾರು ಇದು.

ಚಿಂತೆ ಮೈಲೇಜಿನದು. ಮನೆ ಬಿಜೈ, ಆಫೀಸು ಹಂಪನಕಟ್ಟೆ ಹತ್ತಿರ. ಲಾಲ್‌ಬಾಗ್, ಪಿವಿಎಸ್ ದಾಟಿ ಹೋದರೆ 3 ಕಿ.ಮೀ. ಬೆಳಿಗ್ಗೆ 15 ನಿಮಿಷ, ಸಂಜೆ ಕೆಲವೊಮ್ಮೆ ಅರ್ಧ ಗಂಟೆ. ಉಳಿದ ಓಡಾಟವೂ ಹತ್ತಿರದ್ದೇ. ಅಮ್ಮನನ್ನು ಕದ್ರಿ ದೇವಸ್ಥಾನಕ್ಕೆ ಬಿಡುವುದು, ಮಾರ್ಕೆಟ್ಟಿಗೆ ಹೋಗಿ ಬರುವುದು, ಅಷ್ಟೇ. ಎಸಿ ಇಲ್ಲದೆ ಕೂರಲು ಆಗುವುದಿಲ್ಲ.

ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಇಟ್ಟಿದ್ದೇನೆ. ಮೊದಲ ಸಲ 312 ಕಿ.ಮೀ.ಗೆ 36.1 ಲೀಟರ್. ಆಮೇಲೆ 287ಕ್ಕೆ 33.9, ನಂತರ 341ಕ್ಕೆ 38.2. ಒಟ್ಟು 940 ಕಿ.ಮೀ.ಗೆ 108.2 ಲೀಟರ್, ಅಂದರೆ ಲೀಟರಿಗೆ 8.7. ಕಾರಿನ ಡಿಸ್‌ಪ್ಲೇ ಮಾತ್ರ 9.6 ತೋರಿಸುತ್ತದೆ. ಒಂದು ಭಾನುವಾರ ಮಣಿಪಾಲಕ್ಕೆ ಹೋಗಿ ಬಂದೆ. 126 ಕಿ.ಮೀ.ಗೆ 9.7 ಲೀಟರ್ ಹೋಯಿತು, ಹತ್ತಿರ ಹತ್ತಿರ 13.

ಕಾಗದದಲ್ಲಿ ಇದರ ಎಆರ್‌ಎಐ (ಕಾರು ಪರೀಕ್ಷಿಸುವ ಸಂಸ್ಥೆ) ಮೈಲೇಜು 16.3. ಗ್ಯಾರೇಜಿನವರು ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಿ ಕ್ಲೀನ್ ಮಾಡೋಣ, ಪ್ಲಗ್ ಬದಲಿಸೋಣ ಅನ್ನುತ್ತಿದ್ದಾರೆ. ಅಪ್ಪ ಕಾರು ಮಾರಿಬಿಡು ಅನ್ನುತ್ತಿದ್ದಾರೆ. ನನಗೆ ಎರಡೂ ಮನಸ್ಸಿಲ್ಲ. ಈ ಕಾರು ಇಟ್ಟುಕೊಂಡವರು ಯಾರಾದರೂ ಇದ್ದರೆ ನಿಜವಾದ ಲೆಕ್ಕ ಹೇಳಿ.

ಪಣಂಬೂರು_ಗಾಳಿ

ಟೈರ್ ಯಾವ ಸೈಜ್ ಹಾಕಿದ್ದಾರೆ ನೋಡಿದ್ದೀರಾ? ಕಂಪನಿಯಿಂದ ಬಂದದ್ದು 195/55 ಆರ್16. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಎಷ್ಟೋ ಜನ 205/55 ಹಾಕಿರುತ್ತಾರೆ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಕಾರು ಜಾಸ್ತಿ ದೂರ ಹೋಗುತ್ತದೆ, ಮೀಟರ್ ಮಾತ್ರ ಹಳೆಯ ಲೆಕ್ಕದಲ್ಲೇ ಓಡುತ್ತದೆ. ಈ ಎರಡು ಸೈಜಿಗೆ ವ್ಯತ್ಯಾಸ ಹೆಚ್ಚು ಕಡಿಮೆ ನೂರಕ್ಕೆ 1.8. ಅಂದರೆ ಮೀಟರ್ 312 ಅಂದರೆ ನಿಜವಾಗಿ 317 ಕಿ.ಮೀ. ಓಡಿರುತ್ತೀರಿ. ಗಾಳಿಯನ್ನೂ ನೋಡಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗ.

ಉದ್ಯಾವರ_ಹೊಳೆ

ಇಂಜೆಕ್ಟರ್ ಬಿಚ್ಚಿಸಬೇಡಿ ಮಾರಾಯ್ರೆ, ಸ್ವಲ್ಪ ತಡೆಯಿರಿ. ಮಾರುವ ಮಾತಂತೂ ಬೇಡವೇ ಬೇಡ.

ನನ್ನದೂ ಇದೇ ಕಾರು. 2017ರ ಜನವರಿಯಲ್ಲಿ ತೆಗೆದುಕೊಂಡೆ. ಗ್ಲೋವ್ ಬಾಕ್ಸಿನಲ್ಲಿ ನೀಲಿ ರಟ್ಟಿನ ಒಂದು ಪುಸ್ತಕ ಉಂಟು. ಪೆಟ್ರೋಲ್ ಹಾಕಿದ ದಿನ, ಮೀಟರ್, ಲೀಟರ್, ಎಲ್ಲಿ ಓಡಿಸಿದೆ, ಇಷ್ಟನ್ನೂ ಬಂಕಿನಲ್ಲೇ ನಿಂತು ಬರೆಯುತ್ತೇನೆ. ಮೊದಲ ಎರಡು ವರ್ಷ ನಾವಿದ್ದದ್ದು ಕಂಕನಾಡಿಯಲ್ಲಿ. ಕೆಲಸ ಮಣ್ಣಗುಡ್ಡೆಯಲ್ಲಿ, ಸುಮಾರು 4 ಕಿ.ಮೀ. ಆ ಎರಡು ವರ್ಷದ ಸರಾಸರಿ 8.9. ಆಮೇಲೆ ಉದ್ಯಾವರಕ್ಕೆ ಬಂದೆವು. ಈಗ ಕೆಲಸ ಮಣಿಪಾಲದಲ್ಲಿ, 12 ಕಿ.ಮೀ. ಇಲ್ಲಿನ ಸರಾಸರಿ 11.3. ಕಾರು ಅದೇ, ಕಾಲು ಅದೇ, ಎಸಿಯೂ ಅದೇ. ಇಲ್ಲಿ ಕಡಿಯಾಳಿಯಿಂದ ಮಣಿಪಾಲದ ತನಕ ಏರು ಬೇರೆ. ಆದರೂ ಲೀಟರಿಗೆ ಎರಡೂವರೆ ಕಿ.ಮೀ. ಜಾಸ್ತಿ ಬಂತು. ನನಗೂ ಆಗ ಆಶ್ಚರ್ಯ ಆಗಿತ್ತು.

ಕಾರಣ ಹುಡುಕಲು ಕಾರಿನ ಕಂಪ್ಯೂಟರ್ ಓದುವ ಒಬಿಡಿ ರೀಡರ್ ಒಂದನ್ನು ತಂದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಮೊಬೈಲಿನಲ್ಲಿ ಎಲ್ಲ ಕಾಣುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಶುರು ಮಾಡಿದ ಮೇಲೆ ಮೊದಲ 2 ಕಿ.ಮೀ.ಗೆ ಲೀಟರಿಗೆ 6 ಕೂಡ ಬರುತ್ತಿರಲಿಲ್ಲ. 6 ಕಿ.ಮೀ. ದಾಟಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ 12 ಬರುತ್ತಿತ್ತು. ನಮ್ಮ ಊರಿನಲ್ಲಿ ಚಳಿ ಎಲ್ಲಿ ಅಂತ ನೀವು ಕೇಳಬಹುದು. ನಮಗೆ 25 ಡಿಗ್ರಿ ಸೆಕೆ, ಎಂಜಿನ್‌ಗೆ ಅದು ಚಳಿಯೇ. ಅದಕ್ಕೆ ಬೇಕಾದದ್ದು 90 ಡಿಗ್ರಿ ಹತ್ತಿರ. ಅಲ್ಲಿಗೆ ಮುಟ್ಟುವ ತನಕ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಆಯಿಲ್ ದಪ್ಪ ಇರುತ್ತದೆ, ಒಳಗಿನ ಉಜ್ಜಾಟ ಜಾಸ್ತಿ. ನೀರು ಬೇಗ ಕಾಯುತ್ತದೆ. ಆಯಿಲ್ ಕಾಯಲು ಅದಕ್ಕಿಂತ ತುಂಬಾ ಹೊತ್ತು ಬೇಕು. ನಿಮ್ಮ 3 ಕಿ.ಮೀ.ಯಲ್ಲಿ ಎಂಜಿನ್ ತಯಾರಾಗುವ ಹೊತ್ತಿಗೆ ನೀವು ಹಂಪನಕಟ್ಟೆಯಲ್ಲಿ ಪಾರ್ಕಿಂಗ್ ಹುಡುಕುತ್ತಿರುತ್ತೀರಿ. ಸಂಜೆ ಮತ್ತೆ ಮೊದಲಿನಿಂದ ಶುರು. ದಿನಾ ಆ ಕೆಟ್ಟ 3 ಕಿ.ಮೀ.ಯನ್ನೇ ಎರಡು ಸಲ ಓಡಿಸುತ್ತಿದ್ದೀರಿ. ಒಳ್ಳೆಯ ಕಿಲೋಮೀಟರ್ ಬರುವುದೇ ಇಲ್ಲ, ಅಲ್ವಾ?

ನಿಂತಲ್ಲೇ ಹೋಗುವುದೂ ಉಂಟು. ನನ್ನ ರೀಡರ್ ಪ್ರಕಾರ ಎಸಿ ಹಾಕಿ ಸುಮ್ನೆ ನಿಂತರೆ ಗಂಟೆಗೆ 1.2 ಲೀಟರ್, ಎಸಿ ಇಲ್ಲದಿದ್ದರೆ 0.8. ನಂತೂರಿನಲ್ಲಿ 10 ನಿಮಿಷ ಸಿಕ್ಕಿಕೊಂಡರೆ 0.2 ಲೀಟರ್ ಹೋಯಿತು. ನಿಮ್ಮ ಲೆಕ್ಕದಲ್ಲಿ ಅದು ಒಂದೂಮುಕ್ಕಾಲು ಕಿ.ಮೀ.ಯ ಪೆಟ್ರೋಲ್.

16.3ರ ಬಗ್ಗೆ. ಅದು ಸುಳ್ಳಲ್ಲ, ಆದರೆ ಅದು ನಮ್ಮ ರಸ್ತೆಯ ಲೆಕ್ಕ ಅಲ್ಲ. ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಬಂದ್ ಮಾಡಿ, ನಿಗದಿ ಮಾಡಿದ ವೇಗದಲ್ಲಿ ಓಡಿಸುತ್ತಾರೆ. ಎಲ್ಲ ಸೇರಿ ಸುಮಾರು 20 ನಿಮಿಷದ ಓಟ. ಅತಿ ಜಾಸ್ತಿ ವೇಗ 90. ಬೇರೆ ಬೇರೆ ಕಾರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಅದು ಬೇಕು. ಬಿಜೈಯಿಂದ ಹಂಪನಕಟ್ಟೆಗೆ ಎಷ್ಟು ಪೆಟ್ರೋಲ್ ಬೇಕು ಅಂತ ಅದು ಹೇಳುವುದಿಲ್ಲ.

ಹೈವೇಯಲ್ಲಿ ನಿಮಗೆ 13 ಬಂತು ಅಂದಿರಿ. ಮುಲ್ಕಿ, ಪಡುಬಿದ್ರಿ ಕಡೆ 100ರ ಮೇಲೆ ಹೋಗಿರಬೇಕು. ನಾನೂ ಹಾಗೇ ಹೋಗುತ್ತಿದ್ದೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಿಂದ 110ಕ್ಕೆ ಹೋದರೆ ಆ ತಡೆ ಹೆಚ್ಚು ಕಡಿಮೆ ಎರಡು ಪಟ್ಟು. ಐದನೇ ಗೇರಿನಲ್ಲಿ 80ರ ಆಸುಪಾಸು ಇಟ್ಟರೆ ಉದ್ಯಾವರದಿಂದ ಸುರತ್ಕಲ್ ತನಕ ನನಗೆ 15.5 ಬರುತ್ತದೆ. ಇದು ಮಳೆ ಇಲ್ಲದ ದಿನದ ಮಾತು. ಮಳೆಗಾಲದ ಆಟಿ ತಿಂಗಳಲ್ಲಿ ರಸ್ತೆ ತುಂಬ ನೀರು ಇರುವಾಗ ಅದೇ ದಾರಿಗೆ 14 ದಾಟಿಲ್ಲ. ಟೈರ್ ಆ ನೀರನ್ನು ತಳ್ಳಿಕೊಂಡು ಹೋಗಬೇಕಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ನಮ್ಮ ಕಡೆ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಅಭ್ಯಾಸ ಈಗಲೂ ಉಂಟು. ಕಾರ್ಬ್ಯುರೇಟರ್ ಕಾಲದಲ್ಲಿ ಅದರಿಂದ ಸ್ವಲ್ಪ ಉಳಿಯುತ್ತಿತ್ತೋ ಏನೋ. ಈಗಿನ ಎಂಜಿನ್ ಹಾಗಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ರೀಡರ್ ನೋಡಿದೆ. ಪಕ್ಕದ ಸೀಟಿನಲ್ಲಿ ತಮ್ಮ ಮೊಬೈಲ್ ಹಿಡಿದು ಓದಿ ಹೇಳುತ್ತಿದ್ದ. ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಪೆಟ್ರೋಲ್ ಸೊನ್ನೆ. ಪೂರ್ತಿ ಸೊನ್ನೆ. ಚಕ್ರವೇ ಎಂಜಿನ್ ತಿರುಗಿಸುವುದರಿಂದ ಕಂಪ್ಯೂಟರ್ ಇಂಜೆಕ್ಟರ್ ಮುಚ್ಚಿಬಿಡುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ತಾನೇ ತಿರುಗಬೇಕು, ಆಗ ಪೆಟ್ರೋಲ್ ಮತ್ತೆ ಹರಿಯುತ್ತದೆ. 14 ಹೇರ್‌ಪಿನ್ ತಿರುವು ಇರುವ ಘಾಟಿಯಲ್ಲಿ ಎಂಜಿನ್ ಹಿಡಿತ ಬಿಟ್ಟು ಬರೀ ಬ್ರೇಕ್ ನಂಬುವುದು ಅಪಾಯ ಬೇರೆ. ಅವತ್ತು ಹತ್ತುವಾಗ ಮೈಲೇಜು 5ಕ್ಕೆ ಇಳಿದಿತ್ತು. ಮನೆಗೆ ಬಂದು ಟ್ಯಾಂಕ್ ತುಂಬಿಸಿದರೆ 118 ಕಿ.ಮೀ.ಗೆ 9.9 ಲೀಟರ್. ಘಾಟಿ ಹತ್ತಿ ಇಳಿದರೂ 11.9! ಮಣ್ಣಗುಡ್ಡೆಗೆ ಹೋಗುತ್ತಿದ್ದ ನನ್ನ ಮೈಲೇಜಿಗಿಂತ ಅದು 3 ಜಾಸ್ತಿ.

ಪೇಟೆಯಲ್ಲಿ ಒಂದು ಕೆಲಸ ಮಾಡಿ ನೋಡಿ. ಈ ಎಂಜಿನ್‌ನ 212 ನ್ಯೂಟನ್ ಮೀಟರ್ ಬಲ ನಿಮಿಷಕ್ಕೆ 2000 ಸುತ್ತಿಗೇ ಸಿಗುತ್ತದೆ. 2200 ಆದ ಕೂಡಲೇ ಮೇಲಿನ ಗೇರಿಗೆ ಹಾಕಿ. ಕಾಲು ಜೋರಾಗಿ ಒತ್ತಿದಷ್ಟೂ ಟರ್ಬೊ ಗಾಳಿ ನೂಕುತ್ತದೆ, ಗಾಳಿಗೆ ತಕ್ಕ ಪೆಟ್ರೋಲ್ ಹೋಗಲೇಬೇಕು.

ಪೆಟ್ರೋಲಿಗಿಂತ ನನಗೆ ನಿಮ್ಮ ಆಯಿಲಿನ ಚಿಂತೆ. ಎಂಜಿನ್ ಪೂರ್ತಿ ಕಾಯದಿದ್ದರೆ ಆಯಿಲಿಗೆ ಸೇರಿದ ನೀರಿನ ಪಸೆ, ಪೆಟ್ರೋಲ್ ಆವಿಯಾಗಿ ಹೋಗುವುದಿಲ್ಲ. ಅದೇ ಆಯಿಲ್ ಟರ್ಬೊಗೂ ಹೋಗುತ್ತದೆ. ಕಿಲೋಮೀಟರ್ ಆಗಿಲ್ಲ ಅಂತ ಬಿಡಬೇಡಿ, ವರ್ಷಕ್ಕೊಮ್ಮೆ ಬದಲಿಸಿ. ವಾರಕ್ಕೊಮ್ಮೆ ಆದರೂ ಅರ್ಧ ಗಂಟೆ ಒಂದೇ ಸಮನೆ ಓಡಿಸಿ. ಈ ಕಾರು ಈಗ ಹೊಸದಾಗಿ ಸಿಗುವುದಿಲ್ಲ. ಇರುವುದನ್ನು ನಾವೇ ನೋಡಿಕೊಳ್ಳಬೇಕು.

ಕಾರ್ಕಳ_ಕಲ್ಲು

ಮೇಲಿನವರು ಹೇಳಿದ್ದು ಸರಿ. ಆದರೂ ಎರಡು ವಿಷಯ ನೋಡಿಬಿಡಿ, ದುಡ್ಡು ಬೇಕಾಗಿಲ್ಲ.

ಒಂದು, ಟೆಂಪರೇಚರ್ ಮುಳ್ಳು. ಹೈವೇಯಲ್ಲಿ ಹೋಗುವಾಗಲೂ ಮಧ್ಯಕ್ಕೆ ಬಂದು ನಿಲ್ಲದಿದ್ದರೆ ಎಂಜಿನ್ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಅಂತ ಅರ್ಥ. ಹಾಗಾದರೆ ಎಂಜಿನ್ ಯಾವಾಗಲೂ ತಣ್ಣಗೇ ಇರುತ್ತದೆ. ಇನ್ನೊಂದು, ಬ್ರೇಕ್. ಇದಕ್ಕೆ ನಾಲ್ಕೂ ಚಕ್ರಕ್ಕೆ ಡಿಸ್ಕ್. ನಮ್ಮ ಕರಾವಳಿಯ ಉಪ್ಪು ಗಾಳಿಗೆ, ಮಳೆಗೆ ಡಿಸ್ಕ್ ಒತ್ತುವ ಕ್ಯಾಲಿಪರ್ ಹಿಡಿದುಕೊಳ್ಳುವುದು ಸಾಮಾನ್ಯ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಇಟ್ಟು ನೋಡಿ, ಡಿಸ್ಕ್ ಮಾತ್ರ ಮುಟ್ಟಬೇಡಿ. ಒಂದು ಚಕ್ರ ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ.

ಈಗ ಬಂಕಿನಲ್ಲಿ ಬರುವುದು ನೂರಕ್ಕೆ 20 ಎಥನಾಲ್ ಸೇರಿಸಿದ ಪೆಟ್ರೋಲ್. ಎಥನಾಲ್‌ನ ಶಕ್ತಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ. 2017ರ ಲೆಕ್ಕದ ಜೊತೆ ಈಗಿನದನ್ನು ಹೋಲಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಿಜೈ_ಚೇಳು, ಮಂಗಳೂರು

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಇನ್ನೊಂದು ಟ್ಯಾಂಕ್ ಮುಗಿಯುವ ತನಕ ಕಾದೆ.

ಟೈರ್ 205/55 ಅಂತಲೇ ಇತ್ತು. ಗಾಳಿ ನಾಲ್ಕರಲ್ಲೂ 26. ಪೆಟ್ರೋಲ್ ಮುಚ್ಚಳದ ಹತ್ತಿರದ ಸ್ಟಿಕರಿಗಿಂತ ತುಂಬಾ ಕಡಿಮೆ. ಸರಿ ಮಾಡಿಸಿದೆ. ಮುಳ್ಳು ಮಧ್ಯಕ್ಕೆ ಬರುತ್ತದೆ, ಆದರೆ ಬೆಳಿಗ್ಗೆ ಅದು ಮಧ್ಯ ಮುಟ್ಟುವುದು ಪಿವಿಎಸ್ ದಾಟಿದ ಮೇಲೆ! ಉದ್ಯಾವರದವರು ಹೇಳಿದ್ದು ಕಣ್ಣೆದುರೇ ಕಂಡಿತು. ಚಕ್ರಗಳು ಒಂದೇ ಸಮ ಬಿಸಿ.

ಆಫೀಸಿಗೆ ಈಗ ಅಮ್ಮನ ಸ್ಕೂಟರ್. ಕಾರು ಸಂಜೆ, ಭಾನುವಾರ, ದೂರಕ್ಕೆ ಮಾತ್ರ. ಈ ಸಲ ಮೀಟರಿನಲ್ಲಿ 356 ಕಿ.ಮೀ., ಟೈರ್ ಲೆಕ್ಕ ಸೇರಿಸಿದರೆ 362. ಪೆಟ್ರೋಲ್ 33.1 ಲೀಟರ್. 10.9 ಬಂತು. ಇಂಜೆಕ್ಟರ್ ಯಾರೂ ಮುಟ್ಟಿಲ್ಲ.

ನನ್ನ ಲೆಕ್ಕ ಅಪ್ಪನಿಗೆ ತೋರಿಸಿದೆ. ಅವರು ಎರಡು ಸಲ ಕೂಡಿಸಿ ನೋಡಿದರು. ಮುಂದಿನ ಭಾನುವಾರ ನನ್ನ ಜೊತೆ ಆಗುಂಬೆಗೆ ಬರುತ್ತಾರಂತೆ. ಎಷ್ಟು ಹೊತ್ತಿಗೆ ಹೊರಟರೆ ಒಳ್ಳೆಯದು?

ಉದ್ಯಾವರ_ಹೊಳೆ

ಓದಿ ತುಂಬಾ ಖುಷಿ ಆಯಿತು. ಬೆಳಿಗ್ಗೆ 5ಕ್ಕೆ ಬಿಜೈ ಬಿಡಿ, 6ರೊಳಗೆ ಉಡುಪಿ ದಾಟುತ್ತೀರಿ. ಮಣಿಪಾಲ, ಹಿರಿಯಡ್ಕ, ಪೆರ್ಡೂರು ಮೇಲೆ ಹೆಬ್ರಿಗೆ ಹೋಗಿ. ಅಷ್ಟು ಬೇಗ ಹೋದರೆ ಘಾಟಿಯಲ್ಲಿ ಗಾಡಿ ಕಡಿಮೆ. ಟ್ಯಾಂಕನ್ನು ಹೆಬ್ರಿಯಲ್ಲೇ ತುಂಬಿಸಿ, ಮೊದಲ ಕ್ಲಿಕ್‌ಗೆ ನಿಲ್ಲಿಸಿ. ಇಳಿದು ಬಂದ ಮೇಲೆ ಅದೇ ಬಂಕಿನಲ್ಲಿ, ಅದೇ ಪಂಪಿನಲ್ಲಿ ಮತ್ತೆ ಮೊದಲ ಕ್ಲಿಕ್‌ಗೆ ತುಂಬಿಸಿ. ಎಷ್ಟು ಬಂತು ಇಲ್ಲಿ ಬರೆಯಿರಿ, ನನ್ನ ಪುಸ್ತಕದಲ್ಲೂ ಬರೆದಿಡುತ್ತೇನೆ.