ಟಿವಿಯವರ ಕಚ್ಚಾ ಸ್ಯಾಟಲೈಟ್ ಫೀಡ್ ಹಿಡಿದು ರೆಕಾರ್ಡ್ ಮಾಡೋರು ಯಾರಾದ್ರೂ ಇದ್ದೀರಾ? ಅನುಭವ ಹೇಳಿ

ಕೇಳಿದವರು:
ಎಲ್ರಿಗೂ ನಮಸ್ಕಾರ. ಚಾನೆಲ್‌ನಲ್ಲಿ ಬರೋ ಪ್ರೋಗ್ರಾಂ ಅಲ್ಲ, ಅದಕ್ಕೂ ಮುಂಚೆ ಸ್ಟೇಡಿಯಂನಿಂದಲೋ ನ್ಯೂಸ್ ಸ್ಪಾಟ್‌ನಿಂದಲೋ ಸ್ಟುಡಿಯೋಗೆ ಹೋಗುತ್ತಲ್ಲ, ಲೋಗೋ ಇಲ್ಲ, ಜಾಹೀರಾತಿಲ್ಲ, ರಿಪೋರ್ಟರ್ ಮೈಕ್ ಸರಿ ಮಾಡ್ಕೊಂಡು ಸುಮ್ನೆ ನಿಂತಿರೋದೂ ಕಾಣುತ್ತೆ, ಆ ಫೀಡ್ ನೋಡೋ ಹುಚ್ಚು ಹಿಡಿದಿದೆ. ಡಿಶ್ ಇದೆ, ಆದ್ರೆ ಮಾಮೂಲಿ ಸೆಟ್‌ಟಾಪ್ ಬಾಕ್ಸಲ್ಲಿ ಏನೂ ಸಿಗ್ತಿಲ್ಲ. ಏನು ಬೇಕು, ಎಲ್ಲಿ ಹುಡುಕೋದು, ಸಿಕ್ಕಿದ್ದನ್ನ ಹೇಗೆ ಉಳಿಸೋದು? ಇದರ ಜೊತೆ ಟಿವಿಯಿಂದ ರೆಕಾರ್ಡ್ ಮಾಡಿದ ಹಳೇ ವಿಎಚ್‌ಎಸ್ ಟೇಪ್ ಒಂದು ಪೆಟ್ಟಿಗೆ ಇದೆ, ಅದನ್ನೂ ಕಂಪ್ಯೂಟರ್‌ಗೆ ಹಾಕ್ಬೇಕು.

ಡಿಶ್ ಹವ್ಯಾಸದವರು:
ಮೊದಲು ಆ ಸೆಟ್‌ಟಾಪ್ ಬಾಕ್ಸ್ ಮರೆತುಬಿಡಿ ಸರ್. ಅದು ಕಂಪನಿಯವರು ತುಂಬಿಟ್ಟ ಪಟ್ಟಿ ಬಿಟ್ಟು ಆಚೆ ಹೋಗಲ್ಲ, ಫೀಡ್‌ಗೋ ಪಟ್ಟಿ ಅನ್ನೋದೇ ಇಲ್ಲ, ಮ್ಯಾಚ್ ಇರೋವರೆಗೆ ಇರುತ್ತೆ, ಮುಗಿದ್ಮೇಲೆ ಆ ಫ್ರೀಕ್ವೆನ್ಸಿ ಖಾಲಿ. ಬ್ಲೈಂಡ್ ಸ್ಕ್ಯಾನ್ (ಪಟ್ಟಿ ಇಲ್ದೆ ತಾನೇ ಎಲ್ಲಾ ಫ್ರೀಕ್ವೆನ್ಸಿ ಹುಡುಕೋದು) ಇರೋ ರಿಸೀವರ್ ಬೇಕು, ಇಲ್ಲಾಂದ್ರೆ ಕಂಪ್ಯೂಟರ್‌ಗೆ ಹಾಕೋ ಡಿವಿಬಿ-ಎಸ್2 (ಡಿಜಿಟಲ್ ಸ್ಯಾಟಲೈಟ್ ಟಿವಿ ಸ್ಟ್ಯಾಂಡರ್ಡ್) ಟ್ಯೂನರ್. ನನ್ನ ಓಟು ಟ್ಯೂನರ್‌ಗೆ. ಯಾಕಂದ್ರೆ ಸ್ಪೆಕ್ಟ್ರಂ, ಅಂದ್ರೆ ಯಾವ ಫ್ರೀಕ್ವೆನ್ಸೀಲಿ ಸಿಗ್ನಲ್ ಇದೆ ಅನ್ನೋ ಚಿತ್ರ, ಕಣ್ಣಿಗೇ ಕಾಣುತ್ತೆ. ಚಾನೆಲ್‌ಗಳನ್ನ ಒಟ್ಟಿಗೆ ಹೊತ್ತಿರೋ ಟ್ರಾನ್ಸ್‌ಪಾಂಡರ್ (ಸ್ಯಾಟಲೈಟಲ್ಲಿ ಸಿಗ್ನಲ್ ವಾಪಸ್ ಕಳಿಸೋ ಘಟಕ) 36 ಮೆಗಾಹರ್ಟ್ಸ್ ಆಸುಪಾಸು ಅಗಲ, ಗುಡ್ಡದ ಥರ ಕೂತಿರುತ್ತೆ, ಅದರ ಪಕ್ಕ ಖಾಲಿ ಜಾಗದಲ್ಲಿ 9 ಮೆಗಾಹರ್ಟ್ಸೋ ಅದಕ್ಕಿಂತ ಸಣ್ಣದೋ ಒಂದು ಗೆರೆ ಇದ್ದಕ್ಕಿದ್ದ ಹಾಗೆ ಎದ್ರೆ ಅಲ್ಲಿ ಕೈ ಹಾಕಿ. ಸಿಂಬಲ್ ರೇಟ್ (ಸೆಕೆಂಡಿಗೆ ಎಷ್ಟು ಸಾವಿರ ಸಂಕೇತ ಬರುತ್ತೆ ಅನ್ನೋ ಲೆಕ್ಕ) 27500, 30000 ಅಂತ ಬಂದ್ರೆ ಮಾಮೂಲಿ ಚಾನೆಲ್, 7200 ಥರ ಬಂದ್ರೆ ಫೀಡ್ ಇರೋ ಚಾನ್ಸ್ ಜಾಸ್ತಿ. ಹೆಸರೂ ಗೊತ್ತಾಗುತ್ತೆ, ಚಾನೆಲ್ ಹೆಸರಿನ ಬದಲು ಡಿಎಸ್‌ಎನ್‌ಜಿ (ನ್ಯೂಸ್ ಕಳಿಸೋ ಸ್ಯಾಟಲೈಟ್ ವ್ಯಾನ್), ಎನ್‌ಕೋಡರ್ 1, ಇಲ್ಲಾ ಯಾವುದೋ ವ್ಯಾನ್ ನಂಬರ್.

ಹೊತ್ತು ನೋಡಿ ಹುಡುಕಿ. ಮ್ಯಾಚ್ ಶುರುವಾಗೋಕೆ ಒಂದೆರಡು ಗಂಟೆ ಮುಂಚೆ ಕಲರ್ ಬಾರ್ ಹಾಕಿ ಕುಯ್ಯೋ ಅಂತ 1 ಕಿಲೋಹರ್ಟ್ಸ್ ಟೋನ್ ಬಿಟ್ಟಿರ್ತಾರೆ, ಆಗ ಹಿಡ್ಕೊಂಡ್ರೆ ಆಮೇಲೆ ಒದ್ದಾಡೋ ಹಾಗಿಲ್ಲ. ಚುನಾವಣೆ ಫಲಿತಾಂಶ, ದೊಡ್ಡ ಅನಾಹುತ, ಇಂಥ ಟೈಮಲ್ಲಿ ನ್ಯೂಸ್ ಫೀಡ್ ಸಾಲುಸಾಲು.

ಇನ್ನೊಂದು ವಿಷ್ಯ ಹೊಸಬರಿಗೆ ಯಾರೂ ಹೇಳಲ್ಲ. ಫೀಡ್‌ಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡೋ ಸ್ಯಾಟಲೈಟ್‌ಗಳಲ್ಲಿ ಕೆಲವು ವಯಸ್ಸಾದವು. ಇಂಧನ ಉಳಿಸೋಕೆ ಅಂತ ಉತ್ತರ-ದಕ್ಷಿಣ ಓಲಾಟ ಸರಿ ಮಾಡೋದನ್ನ ನಿಲ್ಲಿಸಿಬಿಟ್ಟಿರ್ತಾರೆ, ಹಾಗಾಗಿ ದಿನಕ್ಕೊಂದು ಸಲ ಆಕಾಶದಲ್ಲಿ ಎಂಟರ ಆಕಾರ ಬರೀತಾ ಇರುತ್ತೆ, ಬೆಳಿಗ್ಗೆ ಭರ್ಜರಿ ಸಿಗ್ನಲ್, ಮಧ್ಯಾಹ್ನ ಮಾಯ. ಡಿಶ್ ಅಲ್ಲಾಡಿದೆ ಅಂತ ಬೋಲ್ಟ್ ಬಿಚ್ಚೋಕೆ ಹೋಗ್ಬೇಡಿ, ಸಂಜೆ ಮತ್ತೆ ನೋಡಿ. ಎಲ್ಎನ್‌ಬಿ (ಡಿಶ್ ತುದಿಯಲ್ಲಿ ಸಿಗ್ನಲ್ ಹಿಡಿಯೋ ಡಬ್ಬಿ) ಸೆಟ್ಟಿಂಗ್ ಮಾತ್ರ ಸರಿ ಇರ್ಲಿ, ಸ್ಯಾಟಲೈಟ್ ಟಿವಿಗೆ ಬಳಸೋ ಫ್ರೀಕ್ವೆನ್ಸಿ ಪಟ್ಟಿಗಳಲ್ಲಿ, ಯೂನಿವರ್ಸಲ್ ಕೆಯು ಬ್ಯಾಂಡ್‌ಗೆ 9750 ಮತ್ತು 10600 ಮೆಗಾಹರ್ಟ್ಸ್, ಸಿ ಬ್ಯಾಂಡ್‌ಗೆ 5150. ಸಿ ಬ್ಯಾಂಡ್ ಆದ್ರೆ 5ಜಿ ಫಿಲ್ಟರ್ ಹಾಕಿ, ಟವರ್ ಹತ್ತಿರ ಇದ್ರೆ ಅದಿಲ್ದೆ ಟ್ಯೂನರ್ ಯಾವ ಸಿಗ್ನಲ್‌ಗೂ ಲಾಕ್ ಆಗಲ್ಲ.

ಓಬಿ ವ್ಯಾನಲ್ಲಿ ಕೆಲಸ ಮಾಡಿದವರು:
ನಾನು ಓಬಿ ವ್ಯಾನಲ್ಲಿ, ಅಂದ್ರೆ ಸ್ಥಳದಿಂದ ಫೀಡ್ ಕಳಿಸೋ ಗಾಡಿಯಲ್ಲಿ, ಇದ್ದವನು, ಆ ಕಡೆಯಿಂದ ಹೇಳ್ತೀನಿ. ನಿಮಗೆ ಸಿಗೋದು ಅರ್ಧ ಸಂಭಾಷಣೆ ಅಂತ ಮೊದಲೇ ತಿಳ್ಕೊಳ್ಳಿ. ರಿಪೋರ್ಟರ್ ಮಾತು ಕೇಳುತ್ತೆ, ಸ್ಟುಡಿಯೋ ಆಂಕರ್ ಕೇಳೋ ಪ್ರಶ್ನೆ ಕೇಳಲ್ಲ, ಅದು ಬೇರೆ ದಾರೀಲಿ ರಿಪೋರ್ಟರ್ ಕಿವಿಗೆ ಬರುತ್ತೆ, ಅವರದೇ ದನಿ ತೆಗೆದು ಉಳಿದಿದ್ದನ್ನ ಮಾತ್ರ ಕಳಿಸ್ತಾರೆ, ಇಲ್ಲಾಂದ್ರೆ ತಮ್ಮ ಮಾತೇ ತಡವಾಗಿ ಕೇಳಿಸಿ ತೊದಲೋಕೆ ಶುರು. ಸ್ಯಾಟಲೈಟ್ ಇರೋದು 35,786 ಕಿಲೋಮೀಟರ್ ಮೇಲೆ, ಹತ್ತಿ ಇಳಿಯೋಕೇ ಕಾಲು ಸೆಕೆಂಡ್, ಎನ್‌ಕೋಡರ್ ತಡ ಬೇರೆ. ಪ್ರಶ್ನೆ ಕೇಳಿದ್ಮೇಲೂ ರಿಪೋರ್ಟರ್ ಸುಮ್ನೆ ತಲೆ ಆಡಿಸ್ತಾ ನಿಲ್ಲೋದು ಇದಕ್ಕೇ, ಅವರು ದಡ್ಡರು ಅಂತಲ್ಲ.

ಸ್ಪೋರ್ಟ್ಸ್ ಬಗ್ಗೆ ಆಸೆ ಕಮ್ಮಿ ಇಟ್ಕೊಳ್ಳಿ. ದೊಡ್ಡ ಟೂರ್ನಮೆಂಟ್ ಅಂದ್ರೆ ಬಿಸ್ ಲಾಕ್ (ಕೀ ಇಲ್ದೆ ಚಿತ್ರ ಕಾಣದ ಹಾಗೆ ಮಾಡೋ ಬೀಗ) ಹಾಕೇ ಹಾಕ್ತಾರೆ. ಹಳೇ ಬಿಸ್‌ಗೆ 12 ಅಕ್ಷರದ ಕೀ ಇರ್ತಿತ್ತು, ಅದು ಎಲ್ಲಿಂದಲೋ ಸೋರ್ತಿತ್ತು, ಅದಕ್ಕೇ 2018ರಲ್ಲಿ ಬಿಸ್-ಸಿಎ ತಂದ್ರು, ಯಾವ ರಿಸೀವರ್‌ಗೆ ಬಿಡ್ಬೇಕು ಅಂತ ಪ್ರಸಾರ ನಡೀತಿರುವಾಗ್ಲೇ ಕಂಟ್ರೋಲ್ ಮಾಡಬಹುದು. ಕೀ ಕೇಳ್ಕೊಂಡು ಓಡಾಡಬೇಡಿ, ಅದು ಕಳ್ಳತನ, ಅಷ್ಟೇ. ನ್ಯೂಸ್‌ನವರಂತೂ ಈಗ ನಾಲ್ಕಾರು ಸಿಮ್ ಒಟ್ಟು ಸೇರಿಸಿ ಬ್ಯಾಗಿಂದಲೇ ಕಳಿಸ್ತಾರೆ, ಎಸ್‌ಆರ್‌ಟಿ ಅನ್ನೋ ವಿಡಿಯೋ ಕಳಿಸೋ ಪ್ರೋಟೋಕಾಲ್ 2017ರಲ್ಲಿ ಓಪನ್ ಸೋರ್ಸ್ ಆದ್ಮೇಲೆ ಇಂಟರ್ನೆಟ್ ಮೇಲೆ ಕಳಿಸೋದು ಇನ್ನೂ ಸಲೀಸು. ಡಿಶ್ ಎತ್ತೋದು ನೆಟ್‌ವರ್ಕ್ ಸಿಗದ ಕಡೆ, ಇಲ್ಲಾ ಜನ ಸೇರಿ ನೆಟ್‌ವರ್ಕ್ ಕೂತುಹೋಗೋ ಕಡೆ.

ಹಳೇ ಕಾಲದಲ್ಲಿ ಎಲ್ಲಾ ಬಯಲು. 1992ರ ಅಮೆರಿಕ ಚುನಾವಣೆ ಹೊತ್ತಲ್ಲಿ ಬ್ರಯಾನ್ ಸ್ಪ್ರಿಂಗರ್ ಅನ್ನೋರು ಇಂಥ ಫೀಡ್ ಗಂಟೆಗಟ್ಟಲೆ ರೆಕಾರ್ಡ್ ಮಾಡಿಟ್ಟು, ಬ್ರೇಕಲ್ಲಿ ಅಭ್ಯರ್ಥಿಗಳೂ ಆಂಕರ್‌ಗಳೂ ಆಡಿದ ಮಾತೆಲ್ಲ ಸೇರಿಸಿ 1995ರಲ್ಲಿ ಸ್ಪಿನ್ ಅನ್ನೋ ಡಾಕ್ಯುಮೆಂಟರಿ ಮಾಡಿದ್ರು. ಅದಾದ್ಮೇಲೂ ಕ್ಯಾಮೆರಾ ಮುಂದೆ ಕೂತ ಗಣ್ಯರಿಗೆ ಲಿಂಕ್ ಆನ್ ಇದೆ ಸಾರ್, ನೋಡ್ಕೊಂಡು ಮಾತಾಡಿ ಅಂತ ನಾವು ಹೇಳ್ತಾನೇ ಇರ್ಬೇಕಿತ್ತು, ಕೇಳೋರು ಕಮ್ಮಿ.

ರೆಕಾರ್ಡಿಂಗ್ ಜೋಡಿಸೋವರು:
ಹಿಡಿಯೋದು ಮುಖ್ಯ ಅಲ್ಲ, ಇಡೋದು ಮುಖ್ಯ. ಮೂಲ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ (ವಿಡಿಯೋ, ಆಡಿಯೋ ಎಲ್ಲಾ ಸೇರಿ ಬರೋ ಡೇಟಾ) ಇದ್ದ ಹಾಗೇ ಡಿಸ್ಕ್‌ಗೆ ಇಳಿಸಿ, ಎಂಪಿ4 ಮಾಡ್ಕೊಂಡು ಅದನ್ನ ಡಿಲೀಟ್ ಮಾಡೋ ಬುದ್ಧಿ ಬೇಡ. ಫೀಡ್‌ನಲ್ಲಿ ಎರಡು-ನಾಲ್ಕು ಜೋಡಿ ಆಡಿಯೋ ಇರುತ್ತೆ, ಒಂದರಲ್ಲಿ ಕಾಮೆಂಟರಿ, ಇನ್ನೊಂದರಲ್ಲಿ ಬರೀ ಮೈದಾನದ ಸದ್ದು, ಬ್ಯಾಟಿಗೆ ಬಾಲ್ ತಗಲಿದ್ದು, ಆಟಗಾರರು ಕೂಗಿದ್ದು. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಸಾಫ್ಟ್‌ವೇರ್‌ಗೆ ಏನೂ ಹೇಳದೇ ಕೊಟ್ರೆ ಒಂದು ವಿಡಿಯೋ ಒಂದು ಆಡಿಯೋ ಇಟ್ಕೊಂಡು ಉಳಿದಿದ್ದು ಬಿಸಾಕುತ್ತೆ, ಎಲ್ಲಾ ಸ್ಟ್ರೀಮ್ ಮ್ಯಾಪ್ ಮಾಡಿ ಕಾಪಿ ಅಂತ ಹೇಳ್ಬೇಕು. ಜಾಗ ಏನು ಭಯಂಕರ ಬೇಡ, 10 ಮೆಗಾಬಿಟ್ ಫೀಡ್ ಗಂಟೆಗೆ 4.5 ಜಿಬಿ.

ಒಂದು ಟ್ರ್ಯಾಕಲ್ಲಿ ಕರ್ರೋ ಅಂತ ಕಿವಿ ಹರಿಯೋ ಸದ್ದು ಬಂದ್ರೆ ಹಾಳಾಗಿದೆ ಅಂದ್ಕೋಬೇಡಿ, ಅದು ಡಾಲ್ಬಿ ಇ, ಹಲವು ಆಡಿಯೋ ಚಾನೆಲ್ ಒಟ್ಟಿಗೆ ತುಂಬಿ ಕಳಿಸೋ ಪ್ರಸಾರದವರ ಕೋಡ್, ಡಿಕೋಡ್ ಆಗದೇ ಬರ್ತಿದೆ. ಹೆಡ್‌ಫೋನ್ ಹಾಕೋಕೆ ಮುಂಚೆ ವಾಲ್ಯೂಮ್ ಇಳಿಸಿ. ಚಿತ್ರ ಟಿವಿಯಲ್ಲಿ ಕಪ್ಪಾಗಿ ಬಂದು ಕಂಪ್ಯೂಟರಲ್ಲಿ ಸರಿ ಬಂದ್ರೆ ಅದು 4:2:2 ಬಣ್ಣ, ಅಂದ್ರೆ ಪ್ರಸಾರದವರು ಬಳಸೋ ಹೆಚ್ಚು ಬಣ್ಣದ ವಿವರ ಇರೋ ಬಗೆ, ಮನೆ ಬಾಕ್ಸ್‌ಗಳಿಗೆ ಅರ್ಥ ಆಗಲ್ಲ, ವಿಎಲ್‌ಸಿ ಪ್ಲೇಯರ್ ನೋಡ್ಕೊಳ್ಳುತ್ತೆ. ಇಂಟರ್‌ಲೇಸ್ ಗೆರೆ (ಚಲಿಸೋ ಚಿತ್ರದ ಅಂಚಲ್ಲಿ ಕಾಣೋ ಬಾಚಣಿಗೆ ಥರದ ಗೆರೆ) ತೆಗೆಯೋದಿದ್ರೆ ಇನ್ನೊಂದು ಪ್ರತಿ ಮಾಡ್ಕೊಂಡು ಅದರಲ್ಲಿ ಮಾಡಿ. ದಿನಗಟ್ಟಲೆ ಬಿಡದೇ ರೆಕಾರ್ಡ್ ಮಾಡೋರು ಫೈಲ್ ತುಂಡು ಮಾಡ್ತಾ ಹೋಗಿ, ಸ್ಟ್ರೀಮ್ ಒಳಗಿನ ಗಡಿಯಾರ 33 ಬಿಟ್‌ದು, ಸುಮಾರು 26 ಗಂಟೆ 30 ನಿಮಿಷಕ್ಕೊಮ್ಮೆ ಸೊನ್ನೆಗೆ ಬರುತ್ತೆ, ಆ ಜಾಗದಲ್ಲಿ ಎಷ್ಟೋ ಪ್ಲೇಯರ್ ತಲೆ ಕೆಟ್ಟು ನಿಲ್ಲುತ್ತೆ.

ಮತ್ತೆ ದಯವಿಟ್ಟು ಬರೆದಿಡಿ. ತಾರೀಕು ಮತ್ತೆ ಟೈಮು ಯುಟಿಸಿಯಲ್ಲಿ, ಸ್ಯಾಟಲೈಟ್ ಎಷ್ಟು ಡಿಗ್ರಿ, ಫ್ರೀಕ್ವೆನ್ಸಿ, ಪೋಲರೈಸೇಶನ್ (ಸಿಗ್ನಲ್ ಅಲೆಯ ದಿಕ್ಕು), ಸಿಂಬಲ್ ರೇಟ್, ಸರ್ವಿಸ್ ಹೆಸರು. ಫೀಡ್‌ಗೆ ಟೈಟಲ್ ಕಾರ್ಡ್ ಇಲ್ಲ, ಖಾಲಿ ಕುರ್ಚಿ ತೋರಿಸ್ತಾ ಗಂಟೆಗಟ್ಟಲೆ ಓಡೋ ಫೈಲ್ ಸಿಕ್ರೆ ಅದು ಯಾರ ಪತ್ರಿಕಾಗೋಷ್ಠಿ, ಯಾವ ದೇಶ ಅಂತ ಬರೆದವರು ಹೇಳದಿದ್ರೆ ದೇವರಿಗೂ ಗೊತ್ತಾಗಲ್ಲ.

ಟೇಪ್ ಕೆಲಸದವರು:
ವಿಎಚ್‌ಎಸ್ ಬಗ್ಗೆ ಯಾರೂ ಉತ್ತರಿಸ್ಲಿಲ್ಲ. ಕಿಟಕಿಯಿಂದ ಟೇಪ್ ನೋಡಿ, ಬಿಳಿ ಬೂಸ್ಟು ಕಂಡ್ರೆ ಡೆಕ್‌ಗೆ ಹಾಕ್ಲೇಬೇಡಿ, ಹೆಡ್ ಕೆಡುತ್ತೆ, ಮುಂದೆ ಹಾಕೋ ಟೇಪಿಗೂ ಅಂಟುತ್ತೆ. ಟೇಪ್ ರೆಕಾರ್ಡ್ ಮಾಡಿದ ಹಳೇ ವಿಸಿಆರ್ ಇನ್ನೂ ಓಡ್ತಿದ್ರೆ ಬಿಸಾಡ್ಬೇಡಿ, ಎಲ್‌ಪಿ (ಲಾಂಗ್ ಪ್ಲೇ, ಟೇಪ್ ನಿಧಾನ ಓಡೋ) ಸ್ಪೀಡಲ್ಲಿ ರೆಕಾರ್ಡ್ ಮಾಡಿದ್ದು ಎಷ್ಟೋ ಸಲ ಅದರಲ್ಲೇ ನೆಟ್ಟಗೆ ಬರುತ್ತೆ. ಮಧ್ಯೆ ಒಂದು ಟೈಮ್ ಬೇಸ್ ಕರೆಕ್ಟರ್ (ಟೇಪ್ ಸಿಗ್ನಲ್‌ನ ಟೈಮಿಂಗ್ ಸರಿ ಮಾಡೋ ಸಾಧನ) ಬೇಕು, ಅದಿಲ್ದೆ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ ಕೊಟ್ರೆ ಫ್ರೇಮ್ ಬಿಟ್ಟು ಬಿಟ್ಟು ಆಡಿಯೋ ಒಂದು ಕಡೆ ವಿಡಿಯೋ ಒಂದು ಕಡೆ. ಎಫ್‌ಎಫ್‌ವಿ1 ಫಾರ್ಮ್ಯಾಟಲ್ಲಿ ಇಳಿಸಿ, ಅದು ಲಾಸ್‌ಲೆಸ್, ಗುಣಮಟ್ಟ ಏನೂ ಕಳೆಯಲ್ಲ.

ಜಾಹೀರಾತು ಕತ್ತರಿಸ್ಬೇಡಿ, ನ್ಯೂಸ್ ಮಧ್ಯದ ಅನೌನ್ಸ್‌ಮೆಂಟೂ ಇರ್ಲಿ. 1956ರಲ್ಲಿ ಆಂಪೆಕ್ಸ್ ಕಂಪನಿ ತಂದ ಎರಡು ಇಂಚಿನ ಟೇಪ್ ಅಷ್ಟು ದುಬಾರಿ ಅಂತ ಎಷ್ಟೋ ಸ್ಟೇಷನ್ನುಗಳು ಅಳಿಸಿ ಅಳಿಸಿ ಮತ್ತೆ ಬಳಸಿದ್ವು, ಬಿಬಿಸಿಯೂ ಸೇರಿ. ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಅನ್ನೋ ಹೆಂಗಸು 2012ರಲ್ಲಿ ತೀರಿಕೊಳ್ಳೋವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಟಿವಿ ನ್ಯೂಸ್ ಬಿಡದೇ ರೆಕಾರ್ಡ್ ಮಾಡಿದ್ರು, ಸುಮಾರು 70,000 ಟೇಪ್, ಅದು ಆಮೇಲೆ ಇಂಟರ್ನೆಟ್ ಆರ್ಕೈವ್‌ಗೆ ಹೋಯ್ತು. ನಿಮ್ಮ ಪೆಟ್ಟಿಗೆಯಲ್ಲೂ ಏನಿದ್ಯೋ ಯಾರಿಗೆ ಗೊತ್ತು.

ಮತ್ತೊಬ್ಬರು:
ಒಂದೇ ಮಾತು. ಬಿಸ್ ಥರದ ಲಾಕ್ ಇಲ್ದೆ ಬಂತು ಅಂದ ಮಾತ್ರಕ್ಕೆ ಎಲ್ಲಾ ಕಡೆ ನೋಡೋಕೆ ಅನುಮತಿ ಇದೆ ಅಂತ ಅಲ್ಲ. ಬ್ರಿಟನ್‌ನಲ್ಲಿ 2006ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಪ್ರಕಾರ ನಮಗಲ್ಲದ ಸಂದೇಶ ಬೇಕಂತಲೇ ಹಿಡಿಯೋದೇ ತಪ್ಪು. ಅಪ್‌ಲೋಡ್ ಮಾಡಿದ್ರೆ ಕಾಪಿರೈಟ್ ಬೇರೆ. ನಿಮ್ಮ ದೇಶದ ಕಾನೂನು ನೋಡ್ಕೊಳ್ಳಿ.

ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಟ್ಯೂನರ್ ಹಾಕ್ದೆ, ಸಣ್ಣ ಗೆರೆಗಳು ಕಾಣ್ತಿವೆ, ಮೂರ್ನಾಲ್ಕು ಕಡೆ ಸಿಗ್ನಲ್ ಲಾಕೂ ಆಗುತ್ತೆ, ಆದ್ರೆ ಚಿತ್ರ ಇಲ್ಲ. ಕೆಟ್ಟಿದ್ಯಾ?

ಡಿಶ್ ಹವ್ಯಾಸದವರು:
ಇಲ್ಲ, ಟ್ಯೂನರ್ ಸರಿ ಇದೆ. ಸ್ಟ್ರೀಮ್ ಅನಲೈಸರ್‌ನಲ್ಲಿ ತೆರೆದು ನೋಡಿ. ವಿಡಿಯೋ ಪಿಐಡಿ (ಸ್ಟ್ರೀಮ್ ಒಳಗೆ ವಿಡಿಯೋ ಗುರುತಿಸೋ ನಂಬರ್) ಇದ್ದು ಸ್ಕ್ರ್ಯಾಂಬಲ್ ಅಂತ ತೋರಿಸಿದ್ರೆ ಬಿಸ್ ಥರದ ಲಾಕ್ ಹಾಕಿದ್ದಾರೆ, ಮುಂದಕ್ಕೆ ಹೋಗಿ. ಪ್ರೋಗ್ರಾಂ ಟೇಬಲ್ಲೇ (ಒಳಗೆ ಏನೇನಿದೆ ಅನ್ನೋ ಪಟ್ಟಿ) ಇಲ್ಲಾಂದ್ರೆ ಅದು ಟಿವಿ ಅಲ್ಲ, ಯಾರದೋ ಡೇಟಾ ಲಿಂಕ್ ಇರ್ಬೇಕು, ಕೈ ಹಾಕ್ಬೇಡಿ. ಮಲ್ಟಿಸ್ಟ್ರೀಮ್ (ಒಂದೇ ಸಿಗ್ನಲಲ್ಲಿ ಹಲವು ಸ್ಟ್ರೀಮ್) ಅಂತ ಬಂದ್ರೆ ಒಳಗಿನ ಐಡಿ ಒಂದೊಂದಾಗಿ ಹಾಕಿ ನೋಡಿ, ಯಾವುದಾದ್ರೊಂದ್ರಲ್ಲಿ ಚಿತ್ರ ಬರಬಹುದು. ಯಾವ ಡಿಗ್ರಿ, ಸಿಂಬಲ್ ರೇಟ್ ಎಷ್ಟು ಬಂತು ಅಂತ ಹಾಕಿ, ನಾನೂ ಈ ಕಡೆಯಿಂದ ತಿರುಗಿಸಿ ನೋಡ್ತೀನಿ.